ನನ್ನ ಹೆಂಡತಿಯ ಎಡಗಾಲಿನ ಪರವಾಗಿ

ಶ್ರೀ ಬಾರ್ನಬಿ ಪಿಕರ್ಸ್‌ಗಿಲ್ ಅವರಿಗೆ,
ಮುಖ್ಯ ಮಾರ್ಷಲ್, ಮಾರ್ಲ್‌ಥಾರ್ಪ್ ಮೋಟಾರು ಪಥ, ಲಿಂಕನ್‌ಶೈರ್.

ವಿಷಯ: ಶ್ರೀಮತಿ ಗ್ಲೆನಿಸ್ ಡಾಬ್ಸನ್ ಅವರ ಎಡಗಾಲಿನ ನಿಮಿತ್ತ ತಾವು ಹೊರಡಿಸಿರುವ ನಿಷೇಧವನ್ನು ಹಿಂತೆಗೆದುಕೊಳ್ಳುವ ಕುರಿತು.

ಮಾನ್ಯರೇ,

ತಾವೂ ತಮ್ಮ ಬಾವುಟಗಳೂ ಕ್ಷೇಮವೆಂದು ನಂಬಿದ್ದೇನೆ. ಹಳದಿ, ಕೆಂಪು, ನೀಲಿ, ಚೌಕುಳಿ, ಅದರಲ್ಲೂ ನಮ್ಮ ಕುಟುಂಬಕ್ಕೆ ಆಪ್ತವಾಗಿರುವ ಆ ಕಪ್ಪು ಬಾವುಟ, ಈ ವರ್ಷದ ಗಾಳಿಮಳೆಗೆ ಬಣ್ಣ ಬಿಡದೆ ದೃಢವಾಗಿರಲಿ ಎಂದು ಹಾರೈಸುತ್ತೇನೆ. ಯುದ್ಧಕಾಲದ ವಿಮಾನಗಳೇ ಬಿಟ್ಟುಹೋದ ಆ ಬಯಲಿನಲ್ಲಿ, ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಮೂಗು ಕೆಂಪಗೆ ಮಾಡಿಕೊಂಡು, ಒಂದು ಕೈಯಲ್ಲಿ ಬೇಕನ್ ಬನ್ನು, ಇನ್ನೊಂದರಲ್ಲಿ ಬಾವುಟ ಹಿಡಿದು ತಾವು ದಿನವಿಡೀ ನಿಲ್ಲುವುದರಿಂದಲೇ ನಮ್ಮಂಥವರ ಎಲುಬುಗಳು ತಂತಮ್ಮ ಜಾಗದಲ್ಲಿ ಉಳಿದಿವೆ ಎಂಬುದನ್ನು ನಾನು ಮರೆತವನಲ್ಲ. ಇಷ್ಟು ಹೇಳಿ ದೂರಿಗೆ ಬರುತ್ತೇನೆ.

ತಮ್ಮ ಆದೇಶ ತಲುಪಿತು. ದುಡ್ಡು ಕೊಟ್ಟವರೆಲ್ಲ ಪಥದಲ್ಲಿ ಬೈಕು ಓಡಿಸುವ ಸೆಪ್ಟೆಂಬರಿನ ಟ್ರ್ಯಾಕ್ ಡೇಯಂದು, ನಡು ವೇಗದವರ ಗುಂಪಿನ ಸರದಿಯಲ್ಲಿ, ದೊಡ್ಡ ನೇರ ದಾರಿಯ ಮೇಲೆ ನನ್ನ ಹೆಂಡತಿ ಗ್ಲೆನಿಸ್ 'ಸಕಾರಣವಿಲ್ಲದೆ ಎಡಗಾಲನ್ನು ಹೊರಚಾಚಿ, ಹಿಂದಿದ್ದ ಸವಾರರೆಲ್ಲ ಪಥ ಬಿಟ್ಟು ಬೈಕು ನಿಲ್ಲಿಸುವ ಒಳ ಅಂಗಳಕ್ಕೆ ಬರುವಂತೆ ಮಾಡಿದ' ಕಾರಣಕ್ಕೆ, ಅಕ್ಟೋಬರಿನಲ್ಲಿ ನಡೆಯುವ ಈ ವರ್ಷದ ಕಡೆಯ ಟ್ರ್ಯಾಕ್ ಡೇಗೆ ಅವಳು ಬರಕೂಡದು ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಆ ಪಥದಲ್ಲಿ ಸುತ್ತುತ್ತಲೇ ತಲೆ ನರೆಸಿಕೊಂಡ ಹೆಂಗಸು ಅವಳು. ತಪ್ಪು ಮಾಡಿದವರನ್ನು ಪಥದಿಂದ ಒಳಗೆ ಕರೆಸುವ ಕಪ್ಪು ಬಾವುಟ ಅವಳಿಗೆ ದೂರದ ನೆಂಟರ ಹಾಗೆ, ಇದೆಯೆಂದು ಕೇಳಿದ್ದಳೇ ಹೊರತು ಮುಖ ಕಂಡಿರಲಿಲ್ಲ. ಆ ಕಾಲು ಯಾಕೆ ಹೊರಬಂತೆಂದು ಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬನೇ ಆದ್ದರಿಂದ, ಕಾಲಿನ ಪರ ವಕೀಲಿಕೆಯನ್ನು ನಾನೇ ವಹಿಸಿಕೊಳ್ಳಬೇಕಾಗಿದೆ.

ನಾನು ಲಿಂಕನ್ ನಗರದ ಬಸ್ ಡ್ರೈವರ್. ನಮ್ಮಲ್ಲಿ ಬಸ್ಸಿನಿಂದ ಇಳಿಯುವವರು ಡ್ರೈವರಿಗೆ ಥ್ಯಾಂಕ್ಸ್ ಹೇಳದೆ ಇಳಿಯುವುದಿಲ್ಲ. ಬಸ್ಸು ತಡವಾಗಿ ಬಂದಿದ್ದರೂ, ಬಾಗಿಲಿಗೆ ಕೋಟು ಸಿಕ್ಕಿ ಹರಿದಿದ್ದರೂ ಹೇಳಿಯೇ ಇಳಿಯುತ್ತಾರೆ. ನಾನೂ ಅವರಿಗೆ ವಾಪಸು ಹೇಳುತ್ತೇನೆ. ಹೀಗೆ ಸಂಜೆಯಾಗುವಷ್ಟರಲ್ಲಿ ಊರು ನನಗೂ ನಾನು ಊರಿಗೂ ಋಣಿಯಾಗಿ ಮನೆಗೆ ಬರುತ್ತೇನೆ. ಮನೆಯಲ್ಲಿ ಗ್ಲೆನಿಸ್ ಇರುತ್ತಾಳೆ. ಅವಳು ಡ್ರೈವಿಂಗ್ ಲೈಸೆನ್ಸಿಗೆ ಪರೀಕ್ಷೆ ಮಾಡುವವಳು. ಅಭ್ಯರ್ಥಿಯ ಪಕ್ಕದಲ್ಲಿ ತುಟಿ ಬಿಗಿದು ಕೂತು, ಕಡೆಗೆ ಪಾಸೋ ಫೇಲೋ ಹೇಳಿ ಇಳಿಯುವುದು ಅವಳ ಉದ್ಯೋಗ, ಆ ಉದ್ಯೋಗ ಕಾರಿನಿಂದ ಇಳಿದು ಅವಳ ಜೊತೆಗೇ ಮನೆಯೊಳಗೂ ಬಂದಿದೆ. ಮದುವೆಯಾದ ಲಾಗಾಯ್ತು ದಿನಾ ಬೆಳಿಗ್ಗೆ ಹಾಸಿಗೆಗೆ ಚಹಾ ಒಯ್ದು ಕೊಡುತ್ತಿದ್ದೇನೆ. "ಅಲ್ಲಿಡು" ಅನ್ನುತ್ತಾಳೆ. ಚಹಾ ಬಹಳ ಸೊಗಸಾಗಿದ್ದ ದಿನ "ಪರವಾಗಿಲ್ಲ" ಅನ್ನುತ್ತಾಳೆ. ಇದು ದೂರಲ್ಲ, ಮಾನ್ಯರೇ, ಮೊಕದ್ದಮೆಯ ಹಿನ್ನೆಲೆ.

ಇನ್ನು ನನ್ನ ವಾಹನ. ಗ್ಲೆನಿಸ್‌ಳ ಬೈಕು ರೇಸಿನ ಜಾತಿಯದು. ದೀಪವಿಲ್ಲ, ಹಾರನ್ನಿಲ್ಲ, ಟಯರುಗಳಿಗೆ ಬಿಸಿ ಕಂಬಳಿ ಹೊದಿಸಿಕೊಂಡು ವ್ಯಾನಿನಲ್ಲಿ ಮಲಗಿ ಬರುತ್ತದೆ. ನನ್ನದು ಎಲ್ಲದಕ್ಕೂ ಒದಗುವ ರಸ್ತೆ ಬೈಕು. ನೆಟ್ಟಗೆ ಕೂತು ಓಡಿಸುವುದು, ಎದುರಿಗೆ ಗಾಳಿ ತಡೆಯುವ ಗಾಜು, ಹಿಡಿಕೆಗಳಲ್ಲಿ ಕೈ ಕಾಯಿಸುವ ಬಿಸಿ, ಹಿಂದೆ ಮೂರು ಪೆಟ್ಟಿಗೆ. ವಾರವೆಲ್ಲ ಅದರ ಮೇಲೆ ಡಿಪೋಗೆ ಹೋಗುತ್ತೇನೆ, ಶನಿವಾರ ಆಲೂಗಡ್ಡೆ ಚೀಲ ತರುತ್ತೇನೆ, ಬೇಸಿಗೆಯಲ್ಲಿ ಡೇರೆ ಕಟ್ಟಿಕೊಂಡು ಸ್ಕಾಟ್ಲೆಂಡಿಗೆ ಹೋಗುತ್ತೇನೆ, ಟ್ರ್ಯಾಕ್ ಡೇಯಂದು ವ್ಯಾನಿನ ಹಿಂದೆ ಅದರಲ್ಲಿ ಹಿಡಿಸದ ಮಡಿಚು ಕುರ್ಚಿ, ಫ್ಲಾಸ್ಕು, ಸ್ಯಾಂಡ್‌ವಿಚ್ಚುಗಳನ್ನೆಲ್ಲ ಹೇರಿಕೊಂಡು ಸ್ವಂತ ಚಕ್ರಗಳ ಮೇಲೆ ಬಂದು, ಪೆಟ್ಟಿಗೆ ಬಿಚ್ಚಿಟ್ಟು, ಅದೇ ಬೈಕಿನಲ್ಲಿ ಪಥಕ್ಕೆ ಇಳಿಯುತ್ತೇನೆ. ಗೆಲ್ಲುವುದಕ್ಕೆ ಬಹುಮಾನವೇ ಇಲ್ಲದ ಕಡೆ, ದುಡ್ಡು ಕೊಟ್ಟು ಸುಮ್ಮನೆ ಸುತ್ತುವ ಕಡೆ, ಇದಕ್ಕಿಂತ ತಕ್ಕ ಗಾಡಿ ಯಾವುದು? ಸದ್ದು ಅಳೆಯುವ ತಮ್ಮ ಸಿಬ್ಬಂದಿ ಯಂತ್ರವನ್ನು ಹೊಗೆಕೊಳವೆಗೆ ಹಿಡಿದು "ಎಲ್ಲಿ, ಸ್ಟಾರ್ಟ್ ಮಾಡಿ ಸಾರ್" ಎಂದರು. "ಆಗ್ಲೇ ಮಾಡಿದೀನಲ್ಲ" ಎಂದೆ. ಅವರು ಬಗ್ಗಿ ಕಿವಿಯಿಟ್ಟು ಕೇಳಿ, "ಹೌದಲ್ವಾ" ಎಂದು ಮುಂದಿನವರ ಬಳಿಗೆ ಹೋದರು. ಆಮೇಲೆ ತಮ್ಮ ನಿಯಮದಂತೆ ದೀಪಕ್ಕೂ ಕನ್ನಡಿಗಳಿಗೂ ಅಂಟುಪಟ್ಟಿ ಅಂಟಿಸಿದರು. ಕನ್ನಡಿ ಮುಚ್ಚಿದ್ದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಮೇ ತಿಂಗಳ ಪ್ರಸಂಗ ತಮಗೆ ತಿಳಿದದ್ದೇ. ನಾನು ಹೊಸಬರ ಗುಂಪಿನಲ್ಲಿದ್ದೆ. ಪಾದ್ರಿ ಮೊಣಕೈ ಎಂಬ ತಿರುವಿನಲ್ಲಿ ಹಸಿರು ಚರ್ಮದ ಸೂಟು ತೊಟ್ಟ ಒಬ್ಬ ಮಹನೀಯರು ಬದಿಗೆ ಸರಿದು ನನಗೆ ದಾರಿ ಬಿಟ್ಟರು. ರಸ್ತೆಯಲ್ಲಿ ಯಾರಾದರೂ ಹೀಗೆ ದಾರಿ ಬಿಟ್ಟರೆ ನಾವು ಬೈಕಿನವರು ಹಿಡಿಕೆಯಿಂದ ಕೈ ಬಿಡಲಾರದೆ ಕಾಲು ಚಾಚಿ ವಂದಿಸುವುದು ವಾಡಿಕೆ, ನನ್ನ ಎಡಗಾಲು ನನ್ನನ್ನು ಕೇಳದೆ ಆ ಕೆಲಸ ಮಾಡಿತು. ಆದರೆ ಪಥದ ಮೇಲೆ ಚಾಚಿದ ಕಾಲಿನ ಅರ್ಥ 'ನಾನು ನಿಧಾನಿಸಿ ಒಳಗೆ ಹೋಗುತ್ತಿದ್ದೇನೆ, ಹುಷಾರು' ಎಂದಂತೆ. ಹಸಿರು ಸೂಟಿನವರು ಸರದಿ ಮುಗಿಯಿತೆಂದುಕೊಂಡು ತಾವೂ ಕಾಲು ಚಾಚಿದರು, ಅವರ ಹಿಂದಿನವರು ಅವರನ್ನು ನೋಡಿ ಚಾಚಿದರು, ಇಡೀ ಗುಂಪು ಕಾಲು ಚಾಚಿಕೊಂಡು ಗಂಭೀರವಾಗಿ ಪಥ ಬಿಟ್ಟು ಒಳಗೆ ಹೋಯಿತು. ಕನ್ನಡಿ ಮುಚ್ಚಿದ್ದ ನನಗೆ ಇದೊಂದೂ ಕಾಣದು. ಸುತ್ತಿನ ಮೇಲೆ ಸುತ್ತು ಹೋದೆ, ಯಾರೂ ನನ್ನನ್ನು ಹಿಂದೆ ಹಾಕಲಿಲ್ಲ. ಕೊನೆಗೂ ನನಗೆ ವೇಗ ಒಲಿಯಿತು ಎಂದು ಹೆಲ್ಮೆಟ್ಟಿನೊಳಗೆ ಹಾಡಿಕೊಂಡೆ, ಅದನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ತಮ್ಮ ಕಪ್ಪು ಬಾವುಟ ಕಂಡು ಒಳಗೆ ಬಂದರೆ ಅಲ್ಲಿ ಎಂಜಿನ್ ಆರಿಸಿಕೊಂಡ ಬೈಕುಗಳ ಅಚ್ಚುಕಟ್ಟಾದ ಸಾಲು. ಸಾಲು ಕಂಡ ಮೇಲೆ ಅದರ ಕೊನೆಗೆ ಹೋಗಿ ನಿಲ್ಲದಿರುವುದು ನಮ್ಮ ದೇಶದಲ್ಲಿ ಹುಟ್ಟಿದವನಿಗೆ ಸಾಧ್ಯವೇ? ನಿಂತೆ. "ಯಾಕೆ ನಿಂತಿರೋದು?" ಎಂದು ಮುಂದಿನವರನ್ನು ಕೇಳಿದೆ. "ಗೊತ್ತಿಲ್ಲ ಗುರು. ಮುಂದಿನವ್ರು ನಿಂತಿದ್ರು, ನಾನೂ ನಿಂತೆ." "ಮುಂದಿನವ್ರನ್ನ ಕೇಳೋಣ್ವಾ?" "ಛೇ, ಕೇಳಿದ್ರೆ ಚೆನ್ನಾಗಿರಲ್ಲ." ಅಷ್ಟರಲ್ಲಿ ಯಾರೋ ಫ್ಲಾಸ್ಕು ತೆಗೆದರು, ಬಿಸ್ಕತ್ತು ಹಿಂದಿನಿಂದ ಮುಂದಕ್ಕೆ ಸಾಗಿತು. ಆಗ ತಾವು ದಯಮಾಡಿಸಿ, "ಏನ್ರೀ ಇದು, ಬಸ್ ಸ್ಟಾಪಾ?" ಎಂದು ಕೂಗಿದಿರಿ. ನನ್ನ ಹೊಟ್ಟೆಪಾಡಿನ ಜಾಗದ ಹೆಸರು ಅಂಥ ಹಿರಿಯರ ಬಾಯಲ್ಲಿ ಕೇಳಿ ಹಿತವೆನಿಸಿತು. ವಿಚಾರಣೆ ಮುಗಿದ ಮೇಲೆ ತಾವು ಕೊಟ್ಟ ತೀರ್ಪು ನನಗೆ ಬಾಯಿಪಾಠ: "ಇನ್ನೊಂದ್ಸಲ ಆ ಕಾಲು ಆಚೆ ಬಂದ್ರೆ ನಿಮ್ಮನ್ನೇ ಆಚೆ ಹಾಕ್ತೀನಿ." ವೇಗದ ಗುಂಪಿನವರು ತಿರುವಿಗೆ ಬ್ರೇಕು ಹಾಕುವಾಗ ಕಾಲು ಜೋತುಬಿಟ್ಟರೆ ಅದು ಕಲೆ, ನಾನು ಬಿಟ್ಟರೆ ಗಲಭೆ ಎಂಬ ಸೂಕ್ಷ್ಮ ನನಗೆ ಅಂದೇ ಅರ್ಥವಾಯಿತು, ತಲೆಬಾಗಿದೆ.

ತಲೆಬಾಗುವುದಕ್ಕೆ ಇನ್ನೊಂದು ಕಾರಣವಿತ್ತು. ಅವಳು ವೇಗದ ಗುಂಪು, ನಾನು ಹೊಸಬರ ಗುಂಪು; ಒಂದು ಗುಂಪು ಪಥದಲ್ಲಿದ್ದಾಗ ಇನ್ನೊಂದು ಪಥಕ್ಕೆ ಇಳಿಯಕೂಡದೆಂಬುದು ತಮ್ಮ ನಿಯಮ. ಹೀಗಾಗಿ ನಾನು ಒಳಗೆ ಬರುವ ಹೊತ್ತಿಗೆ ಅವಳು ಹೊರಡುತ್ತಾಳೆ, ಹೆಲ್ಮೆಟ್ಟು ಹೆಲ್ಮೆಟ್ಟಿಗೆ ತಲೆಯಾಡಿಸಿ ನಾವು ದಂಪತಿಗಳು ಬೀಳ್ಕೊಳ್ಳುತ್ತೇವೆ. ಒಂದೇ ಒಂದು ಸಲ ಅವಳ ಜೊತೆ ಸುತ್ತಬೇಕೆಂದು ನನಗೆ ಬಹಳ ಆಸೆಯಿತ್ತು. ಬಾಯಿಬಿಟ್ಟು ಕೇಳಿದಾಗ ಅವಳು, "ಹೊಸಬ್ರ ಗುಂಪಿಗೆ ನಾನ್ ಬರಲ್ಲ ಕ್ಲೆಮ್. ನೀನು ನಡು ಗುಂಪಿಗೆ ಹತ್ತು. ಒಂದ್ ಸರದಿ ನಾನು ಇಳಿದು ಬರ್ತೀನಿ" ಎಂದಳು. ನಮ್ಮ ಮನೆಯಲ್ಲಿ ಇದು ಪ್ರೇಮಪತ್ರಕ್ಕೆ ಸಮ.

ಹಾಗಾಗಿ ಬೇಸಿಗೆಯಿಡೀ ಕಾಲಿಗೆ ಬುದ್ಧಿ ಕಲಿಸಿದೆ. ಎಡ ಬೂಟಿನ ಲೇಸನ್ನು ಫುಟ್‌ರೆಸ್ಟಿಗೆ ಕಟ್ಟಿಕೊಂಡು ಊರಲ್ಲಿ ಓಡಾಡಿದೆ. ಕೆಂಪು ದೀಪ ಬಿದ್ದಾಗ ನಿಲ್ಲಿಸಲು ಅದೇ ಕಾಲು ಬೇಕೆಂಬುದು, ಡಿಪೋ ಎದುರಿನ ಸಿಗ್ನಲ್ಲಿನಲ್ಲಿ ಬೈಕು ಸಮೇತ ಮೆಲ್ಲಗೆ ಮಗ್ಗುಲಾಗುವಾಗ ಹೊಳೆಯಿತು. ಎತ್ತಿ ನಿಲ್ಲಿಸಿದ ನನ್ನ ಬಸ್ಸಿನ ಪ್ರಯಾಣಿಕರಿಗೆಲ್ಲ ಬಾಯಲ್ಲೇ ವಂದಿಸಿದೆ. ಆಗಸ್ಟಿನಲ್ಲಿ ತಮ್ಮ ತರಬೇತುದಾರರು ನನ್ನ ಹಿಂದೆ ನಾಲ್ಕಾರು ಸುತ್ತು ಬಂದು, "ತಿರುವಲ್ಲೂ ಊಟಕ್ಕೆ ಕೂತಂಗೆ ಕೂರ್ತೀರಪ್ಪ ನೀವು. ಹೋಗ್ಲಿ, ಕಾಲು ಒಳಗಿತ್ತು" ಎಂದು ನಡು ಗುಂಪಿನ ಕೈಪಟ್ಟಿ ಕಟ್ಟಿದರು. ಆ ಪಟ್ಟಿ ಬಸ್ಸು ಓಡಿಸುವಾಗಲೂ ಕೈಯಲ್ಲೇ ಇತ್ತು.

ಈಗ ಸೆಪ್ಟೆಂಬರಿನ ಸರದಿ. ಎಲ್ಲರಿಗಿಂತ ಮೊದಲು ಹೊರಟವನು ನಾನು, ಗ್ಲೆನಿಸ್ ಎಲ್ಲೋ ಹಿಂದೆ. ಪಾದ್ರಿ ಮೊಣಕೈಗೆ ಬರುವಾಗ ಅವಳ ಬೈಕಿನ ಕಿರುಚು ಬೆನ್ನಿಗೆ ತಾಗಿತು. ಕನ್ನಡಿ ಬೇಕಾಗಲಿಲ್ಲ, ಆ ಸದ್ದು ನಮ್ಮ ಗ್ಯಾರೇಜಿನದು. ನಾನು ಎಡಕ್ಕೆ ಸರಿದು ತಿರುವಿನ ಒಳಬದಿಯನ್ನು ಅವಳಿಗೆ ಬಿಟ್ಟೆ. ಅವಳು ನನ್ನ ಬಲಕ್ಕೆ ಹಾದು ನೇರ ದಾರಿಗೆ ಬಂದವಳೇ, ಮಿಡತೆಯ ಹಾಗೆ ಮಡಿಸಿಕೊಂಡಿದ್ದ ಕಾಲನ್ನು ಆ ಎತ್ತರದ ಫುಟ್‌ರೆಸ್ಟಿನಿಂದ ಬಿಡಿಸಿ, ಎಡಗಾಲನ್ನು, ನನ್ನ ಕಡೆಗೆ ನೀಳವಾಗಿ ಚಾಚಿದಳು. ಅಂಥ ಬೈಕಿನಲ್ಲಿ ಕಾಲು ತಾನಾಗಿ ಹೊರಬರುವುದಿಲ್ಲ ಮಾನ್ಯರೇ, ಮನಸ್ಸು ಮಾಡಿಯೇ ತೆಗೆಯಬೇಕು. ಊರಿನವರೆಲ್ಲ ಹೇಳುವ ಮಾತನ್ನು ನನ್ನ ಹೆಂಡತಿ ಮೊದಲ ಸಲ ನನಗೆ ಹೇಳಿದ್ದಳು, ಅದೂ ಬಸ್ಸಿನ ಮೂರು ಪಟ್ಟು ವೇಗದಲ್ಲಿ. ನನ್ನ ಕಣ್ಣು ಮಂಜಾಯಿತು; ಹೆಲ್ಮೆಟ್ಟಿನೊಳಗೆ ಒರೆಸಿಕೊಳ್ಳಲಾಗದು ಎಂಬುದನ್ನೂ ಅಂದೇ ಕಲಿತೆ.

ಆಮೇಲೆ ಆದದ್ದು ತಮ್ಮ ವರದಿಯಲ್ಲಿದೆ. ನನ್ನ ಹಿಂದಿದ್ದ ನಡು ಗುಂಪಿನವರೆಲ್ಲ ಆ ಕಾಲನ್ನು ಕಂಡು, ಕಾಲು ಚಾಚಿ, ಒಳಗೆ ಹೋಗಿ, ಸಾಲು ನಿಂತು, ಚಹಾ ಸುರಿದುಕೊಂಡರು. ಅದರ ನಿಜವಾದ ಅರ್ಥ ತಿಳಿದವನು ನಾನೊಬ್ಬನೇ ಆದ್ದರಿಂದ ನಾನು ಹೋಗಲಿಲ್ಲ. ವರದಿಯಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ. ಮುಂದಿನ ತಿರುವಿನಲ್ಲಿ ಗ್ಲೆನಿಸ್ ವೇಗ ತಗ್ಗಿಸಿ ನನಗಾಗಿ ಕಾದಳು. ತಮ್ಮ ಇಡೀ ಪಥದ ಮೇಲೆ, ಆ ಅಗಲವಾದ ಆಕಾಶದ ಕೆಳಗೆ, ನಾವಿಬ್ಬರೇ. ಅವಳ ರೇಸಿನ ಬೈಕು ನನ್ನ ಆಲೂಗಡ್ಡೆ ಬೈಕಿನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಒಂದು ಪೂರ್ತಿ ಸುತ್ತು ಬಂತು. ಆಮೇಲೆ ಪ್ರತಿ ತಿರುವಿನಲ್ಲೂ ಕಪ್ಪು ಬಾವುಟ ಕಂಡಿತು, ನಮ್ಮನ್ನು ಸ್ವಾಗತಿಸುತ್ತಿದ್ದೀರೆಂದೇ ಅಂದುಕೊಂಡೆ. ಅಷ್ಟು ಕಾಲ ಪಥ ಬಲ್ಲವಳಿಗೆ, ಕಾಲು ಚಾಚಿದರೆ ಹಿಂದಿನವರೆಲ್ಲ ಒಳಗೆ ಹೋಗಿ ಪಥ ಖಾಲಿಯಾಗುತ್ತದೆಂದು ತಿಳಿದಿರಲಿಲ್ಲವೇ ಎಂದು ತಾವು ಕೇಳಬಹುದು. ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಈಗ ನನ್ನ ಕೋರಿಕೆ. ತಮಗೆ ಕೊಟ್ಟ ಮಾತಿನಂತೆ ನನ್ನ ಎಡಗಾಲು ಆ ದಿನ ಫುಟ್‌ರೆಸ್ಟಿನ ಮೇಲೆ ಚಡಪಡಿಸುತ್ತಲೇ ಇದ್ದು, ಹೊರಗೆ ಬರಲಿಲ್ಲ. ಅಂದರೆ ಅವಳ ವಂದನೆಗೆ ನಾನು ಇನ್ನೂ ಮರುವಂದನೆ ಮಾಡಿಲ್ಲ. ಮನೆಯಲ್ಲಿ ಮಾಡುವ ಹಾಗಿಲ್ಲ, "ಏನಾಯ್ತು ನಿಂಗೆ?" ಅನ್ನುತ್ತಾಳೆ. ಅಕ್ಟೋಬರಿನಲ್ಲಿ, ಪಥದ ಮೇಲೆಯೇ, ಅವಳು ನನ್ನನ್ನು ಹಾದುಹೋಗುವಾಗಲೇ ಅದು ಆಗಬೇಕು. ಆದ್ದರಿಂದ ಅವಳ ನಿಷೇಧವನ್ನು ತೆಗೆದು ನನ್ನ ಮೇಲೆ ಹಾಕಿ, ಆದರೆ ಮುಂದಿನ ವರ್ಷದಿಂದ ಜಾರಿಗೆ ಬರಲಿ. ಜಾಮೀನಾಗಿ ನನ್ನ ಬೈಕಿನ ಎಡ ಫುಟ್‌ರೆಸ್ಟನ್ನು ಬಿಚ್ಚಿ ನಿನ್ನೆಯೇ ತಮಗೆ ಪಾರ್ಸಲ್ ಮಾಡಿ ಕಳಿಸಿದ್ದೇನೆ. ಅದಿಲ್ಲದ ಮೇಲೆ ನನ್ನ ಕಾಲು ಸದಾ ಹೊರಗೇ ಇರುವುದರಿಂದ ಯಾವುದು ವಂದನೆ, ಯಾವುದು ಸಂಜ್ಞೆ ಎಂಬ ಗೊಂದಲ ಯಾರಿಗೂ ಆಗದು. ಇದರ ಜೊತೆಗೆ ತಮ್ಮ ಬಾವುಟಗಳ ಸಂಸಾರಕ್ಕೆ ಹಾಲು ಬೆರೆತ ಚಹಾದ ಬಣ್ಣದ ಹೊಸ ಬಾವುಟವೊಂದನ್ನು ಸೇರಿಸಿ, ಯಾರಾದರೂ ಕಾಲು ಚಾಚಿ ವಂದಿಸಿದ ಕೂಡಲೇ ಎಲ್ಲ ಮಾರ್ಷಲರೂ ಅದನ್ನು ಬೀಸಿ 'ಅಯ್ಯೋ, ಅದಕ್ಕೇನಂತೆ' ಎಂದು ಸೂಚಿಸುವ ಏರ್ಪಾಡು ಮಾಡಿದರೆ ಹಿಂದಿನವರು ಸುತ್ತುವುದನ್ನು ಮುಂದುವರಿಸಬಹುದು. ಬಟ್ಟೆಯ ಖರ್ಚು ನಮ್ಮದು. ಗ್ಲೆನಿಸ್‌ಳ ಹಳೆಯ ಪರದೆಯೊಂದು ಅದೇ ಬಣ್ಣಕ್ಕೆ ಬಂದಿದೆ.

ತಮ್ಮ ಬಾವುಟದ ನೆರಳಿನಲ್ಲಿ ಸದಾ ಬದುಕಬಯಸುವ,

ತಮ್ಮ ವಿಶ್ವಾಸಿ,
ಕ್ಲೆಮೆಂಟ್ ಡಾಬ್ಸನ್

ಮರೆತ ಮಾತು: ಈ ಪತ್ರವನ್ನು ಬೆಳಗಿನ ಚಹಾದ ಜೊತೆ ಗ್ಲೆನಿಸ್‌ಗೆ ಓದಲು ಕೊಟ್ಟೆ. ಓದಿ ಮುಗಿಸಿ, "ಥ್ಯಾಂಕ್ಸೂ ಇಲ್ಲ ಏನೂ ಇಲ್ಲ. ಮೀನಖಂಡ ಸೆಳೀತಿತ್ತು, ಕಾಲು ಚಾಚಿದೆ. ಅದಕ್ಕೆ ಇಷ್ಟುದ್ದ ಬರೀತಾರಾ?" ಎಂದಳು. ಕಾಲು ಸೆಳೆಯುವುದು ತಮ್ಮ ನಿಯಮಗಳಲ್ಲಿ ಎಲ್ಲೂ ಅಪರಾಧವಲ್ಲ, ಹುಡುಕಿ ನೋಡಿದ್ದೇನೆ. ಆದ್ದರಿಂದ ಕಡತದಲ್ಲಿ ಹಾಗೆಯೇ ಬರೆದುಕೊಂಡು ಅವಳನ್ನು ಬರಗೊಡಿ, ಫುಟ್‌ರೆಸ್ಟನ್ನು ವಾಪಸು ಕಳಿಸಿ, ಬಸ್ ಡಿಪೋಗೆ ಹೋಗುವುದು ಕಷ್ಟವಾಗಿದೆ. ಎಲ್ಲಿ ಸೆಳೆದದ್ದು ಎಂದು ಕೇಳಿದೆ. ಹೊದಿಕೆ ಸರಿಸಿ, ಬಗ್ಗಿ, ತಿಕ್ಕಿ ತೋರಿಸಿದಳು. ಬಲಗಾಲು. ಇದೊಂದನ್ನು ಮಾತ್ರ ಕಡತಕ್ಕೆ ಸೇರಿಸಬೇಡಿ.