ಕೊಟ್ಟಿಗೆ ಕಾಯುತ್ತಿದ್ದ ತೂಬಿನ ಸಲಾಕೆ

ದೇವರ ಕೆಲಸವೂ ಸರ್ಕಾರದ ಕೆಲಸವೂ ಒಂದೇ ಹಾದಿಗೆ ಬಿದ್ದರೆ, ನಮ್ಮ ಮಳವಳ್ಳಿ ಸೀಮೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಇದನ್ನು ನನಗೆ ಮೊದಲು ಹೇಳಿದವನು ನಮ್ಮೂರ ನೀರುಗಂಟಿ. ಕೆರೆಯ ತೂಬು ಎತ್ತಿ, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಮನೆತನದ ಕೆಲಸ. ಮೊದಲ ಭಾಗ ಅವನು ಹೇಳಿದ್ದು, ಉಳಿದದ್ದು ನಾನು ಕಂಡದ್ದು. ಒಂದು ಕಡೆ ನಾನೇ ಮಾಡಿದ್ದೂ ಉಂಟು.

೧. ಸಲಾಕೆ

ನಮ್ಮ ಕೆರೆ ಕೋಡಿ ಬಿದ್ದು ಎಷ್ಟೋ ವರ್ಷವಾಗಿತ್ತು. ತೂಬು ಎತ್ತುವ ಕಬ್ಬಿಣದ ಸಲಾಕೆಗೆ ನೀರುಗಂಟಿ ಮಾತ್ರ ತಪ್ಪದೆ ಎಣ್ಣೆ ಸವರಿ, ಅಮಾವಾಸ್ಯೆಗೆ ಕುಂಕುಮ ಇಟ್ಟು, ಮೂಲೆಯಲ್ಲಿ ನಿಲ್ಲಿಸುತ್ತಿದ್ದ. ಒಂದು ದಿನ ಕೊಟ್ಟಿಗೆ ಬಾಗಿಲಿನ ಅಡ್ಡಮರ ಮುರಿಯಿತು. ಅವನ ಹೆಂಡತಿ ಸಲಾಕೆಯನ್ನು ತೆಗೆದು ಅಲ್ಲಿಗೆ ಹಾಕಿಬಿಟ್ಟಳು. ಇವನು ಕೂಗಾಡಿದ್ದಕ್ಕೆ ಆಕೆ ತಣ್ಣಗೆ, “ನೀರಿಲ್ದ ಕೆರೆಗೆ ಸಲಾಕೆ ಯಾಕೆ? ನೀರು ಬಂದ ದಿನ ನಾನೇ ಒತ್ಕೊಂಡು ಬಂದು ಕೊಡ್ತೀನಿ, ಬುಡಿ” ಅಂದಳಂತೆ.

ಇದನ್ನು ಅವನು ಹೇಳಿದ್ದು ಬತ್ತಿದ ಕೆರೆಯ ಏರಿ ಮೇಲೆ ಕೂತು. “ಸಾಯಾದ್ರೊಳಗೆ ಒಂದ್ಸಲ ತೂಬು ಎತ್ಬೇಕು ಕಣಣ್ಣ” ಅಂದ. ಆಮೇಲೆ ತಾನೇ ನಕ್ಕ. “ಸಲಾಕೆಯೇನೋ ದಿನಾ ಸಂಜೆ ಎತ್ತೀನಿ. ಅಸ ಕರ ಕೊಟ್ಟಿಗೆ ಒಳಕ್ಕೆ ಕೂಡಾಕೆ.”

೨. ನಡುವಿನ ಪಟ್ಟಿ

ಕೆರೆಗೆ ನೀರು ಬರಬೇಕಾದ್ದು ಮೇಲಿನ ಗುಡ್ಡದಿಂದ. ಗುಡ್ಡ ಅರಣ್ಯ ಇಲಾಖೆಯದು, ಅದರ ಕೆಳಗಿನ ಗೋಮಾಳ ಕಂದಾಯದವರದು, ಕೆರೆ ಪಂಚಾಯ್ತಿಯದು. ಅರಣ್ಯದವರು ತಮ್ಮ ಗಡಿಕಲ್ಲಿನ ತನಕ ಗಿಡ ನೆಟ್ಟು ಕಾಲುವೆ ತೋಡಿದರು. ಕಂದಾಯದವರು ತಮ್ಮ ಗಡಿಕಲ್ಲಿನಿಂದ ಶುರು ಮಾಡಿದರು. ಎರಡು ಕಲ್ಲಿನ ನಡುವೆ ಹತ್ತು ಮಾರು ಜಾಗ ಉಳಿಯಿತು. ಇನ್ನೊಬ್ಬರ ನೆಲಕ್ಕೆ ಕೈ ಹಾಕಬಾರದೆಂಬ ಮರ್ಯಾದೆಯಲ್ಲಿ ಇಬ್ಬರೂ ಅದನ್ನು ಬಿಟ್ಟಿದ್ದರು. ಬಂದ ನೀರೆಲ್ಲ ಅಲ್ಲೇ ಪಕ್ಕದ ಪೊದೆಗೆ ನುಗ್ಗಿ ಹೋಯಿತು.

ಆಮೇಲೆ ಮೇಲಿನಿಂದ ಆದೇಶ ಬಂತು. ಇನ್ನು ಮುಂದೆ ಗಡಿ ನೋಡದೆ ಎಲ್ಲ ಇಲಾಖೆಯವರೂ ಕೂಡಿ, ಗುಡ್ಡದಿಂದ ಕೆರೆಯ ತನಕ ಒಂದೇ ಕೆಲಸವೆಂದು ಮಾಡಬೇಕು. ಕಾಲುವೆ ಕೂಡಿತು. ಆದರೆ ಆ ಹತ್ತು ಮಾರಿನ ದಡದಲ್ಲಿ ಅರಣ್ಯದವರು ಬೆಳಿಗ್ಗೆ ಬಂದು ಹೊಂಗೆ ನೆಟ್ಟರು, ಕಂದಾಯದವರು ಮಧ್ಯಾಹ್ನ ಬಂದು ಅದೇ ಗುಂಡಿಗಳಲ್ಲಿ ಬೇವು ನೆಟ್ಟರು. ನಮ್ಮೂರಲ್ಲಿ ಅರಳಿಗೂ ಬೇವಿಗೂ ಮದುವೆ ಮಾಡುವುದು ಹಿಂದಿನಿಂದ ಬಂದದ್ದು. ಹೊಂಗೆಗೂ ಬೇವಿಗೂ ಸಾಲಾಗಿ ಸಾಮೂಹಿಕ ವಿವಾಹ ಆದದ್ದು ಅದೇ ಮೊದಲು.

೩. ಸರ್ವೆಯವರ ಕಲ್ಲು

ಇದು ನಾನೇ ಮಾಡಿದ್ದು. ಒಂದು ಶುಕ್ರವಾರ ಗೋಮಾಳ ಹಾದು ಹೋಗುತ್ತಿದ್ದೆ. ಅಲ್ಲಿನ ಹಳೇ ಬೇವಿನ ಮರದ ಬುಡದಲ್ಲಿ ಹಿಂದಿನ ದಿನ ಇಲ್ಲದ ಒಂದು ಕಲ್ಲು, ನೆತ್ತಿಗೆ ಕೆಂಪು ಬಳಿದುಕೊಂಡು ನಿಂತಿತ್ತು. ನಮ್ಮ ಕಡೆ ಅಮ್ಮ ನೆಲೆಗೊಳ್ಳುವುದೇ ಹಾಗೆ. ಮೆಟ್ಟು ಕಳಚಿ ಅಡ್ಡಬಿದ್ದು, ಮನೆಗೆ ಹೋಗಿ ಕಾಯಿ ತಂದು ಒಡೆದೆ. ನನ್ನನ್ನು ನೋಡಿ ಹೆಂಗಸರು ಅರಿಶಿನ ಹಚ್ಚಿದರು, ಹೂವು ಮುಡಿಸಿದರು.

ಸೋಮವಾರ, ಮಣ್ಣು ಕೊಚ್ಚಿಹೋಗದಂತೆ ಒಡ್ಡು ಕಟ್ಟಲು ಬಂದ ಆಳುಗಳು ಆ ಕಲ್ಲು ಕೀಳುವುದಿಲ್ಲ ಎಂದುಬಿಟ್ಟರು. ಸರ್ವೆಯವರು ನನ್ನ ಹತ್ತಿರ ಬಂದು, “ಯಜಮಾನ್ರೇ, ಅದು ಒಡ್ಡಿನ ಗುರುತಿಗೆ ಅಂತ ನಾನೇ ನೆಟ್ಟಿದ್ದು” ಅಂದರು.

“ನೆಟ್ಟೋರು ಯಾರಾದ್ರೇನು ಸ್ವಾಮಿ, ಪೂಜೆ ಆಗೋಗದೆ” ಅಂದೆ. ನಾಚಿಕೆ ಆಯಿತು, ಆದರೂ ಕೀಳಿ ಎನ್ನಲು ಬಾಯಿ ಬರಲಿಲ್ಲ.

ಒಡ್ಡನ್ನು ಕಲ್ಲಿನ ಆಚೆಗೆ ಬಾಗಿಸಿ ಕಟ್ಟಿದರು. ಅಲ್ಲಿ ಅಗೆದರೆ ಕೆಳಗೆ ಹಾಸುಬಂಡೆ ಸಿಕ್ಕಿತು. ಮೊದಲ ದೊಡ್ಡ ಮಳೆಗೆ, ಒಡ್ಡು ನೇರ ಕಟ್ಟಬೇಕಿದ್ದ ಜಾಗದ ನೆಲ ಆಳುದ್ದ ಕೊರೆದುಹೋಯಿತು. ಬಂಡೆಯ ಮೇಲಿನ ಒಡ್ಡು ಅಲ್ಲಾಡಲಿಲ್ಲ. ಮುಂದಿನ ಶುಕ್ರವಾರ ಸರ್ವೆಯವರು ಕಾಯಿ ಹಿಡಿದು ಬಂದರು. “ಇನ್ನೊಂದು ಒಡ್ಡು ಕಟ್ಟಬೇಕು ಯಜಮಾನ್ರೇ. ಪೂಜೆ ಎಲ್ಲಿ ಮಾಡ್ತೀರಿ ಅಂತ ಮೊದಲೇ ಹೇಳಿದ್ರೆ, ಅಲ್ಲೇ ಕಲ್ಲು ನೆಡ್ತೀನಿ.”

೪. ಯಾರದ್ದು ಯಾರದ್ದು

ಹಿಂಗಾರು ಹಿಡಿಯಿತು. ನೀರು ಆ ಎರಡು ಗಡಿಕಲ್ಲು ದಾಟಿ, ಬೇವಿನೆಲೆ ಹೊತ್ತುಕೊಂಡು ಇಳಿಯುವುದನ್ನು ಕಣ್ಣಾರೆ ಕಂಡೆ. ಕೆರೆ ತುಂಬಿತು. ಪಂಚಾಯ್ತಿಯವರು ಮೀನುಮರಿ ಬಿಟ್ಟರು. ಸ್ವಲ್ಪ ದಿನಕ್ಕೆ ಕೊಕ್ಕರೆ ಬೆಳ್ಳೂರಿನ ದಿಕ್ಕಿನಿಂದ ಬಣ್ಣದ ಕೊಕ್ಕರೆಗಳು ಬಂದು ಇಳಿದವು.

ಎಲ್ಲ ಇಲಾಖೆಯವರೂ ನೋಡಲು ಬಂದರು. ಹಕ್ಕಿಗಳು ನಮ್ಮವು ಎಂದು ಅರಣ್ಯದವರು, ಮೀನು ನಮ್ಮದು ಎಂದು ಪಂಚಾಯ್ತಿಯವರು ಮಾತು ಬೆಳೆಸುತ್ತಿದ್ದಾಗ, ಒಂದು ಕೊಕ್ಕರೆ ನಿಧಾನಕ್ಕೆ ಬಗ್ಗಿ ಒಂದು ಮೀನು ನುಂಗಿತು. ನೀರುಗಂಟಿ ಕೈಮುಗಿದು, “ಬುಡಿ ಸ್ವಾಮಿ, ಈಗ ಎಲ್ಡೂ ಕೂಡ್ಕೊಂಡೊ” ಅಂದ.

೫. ಕರು

ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಬಿಡುವ ದಿನ ಬಂತು. ಬಾಗಿನ ಬಿಟ್ಟಾಯಿತು, ಭಾಷಣ ಮುಗಿಯಿತು. ಸಾಹೇಬರು “ತೂಬು ಎತ್ತಿ” ಅಂದರು. ನೀರುಗಂಟಿ ಬರಿಗೈಲಿ ನಿಂತಿದ್ದ. ಸಲಾಕೆ ಎಲ್ಲಿ ಎಂದರೆ ತಲೆ ತಗ್ಗಿಸಿದ. ತರಿಸುವುದು ಯಾವ ಇಲಾಖೆಯ ಕೆಲಸ ಎಂದು ಸಾಹೇಬರುಗಳು ಒಬ್ಬರ ಮುಖ ಒಬ್ಬರು ನೋಡಿದರು.

ಅಷ್ಟರಲ್ಲಿ ಏರಿ ಮೇಲೆ ಅವನ ಹೆಂಡತಿ ಸಲಾಕೆಯನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದಳು. ಕೊಟ್ಟ ಮಾತಿನಂತೆ ತಾನೇ ಬಂದಳು. ಸಲಾಕೆ ತೊಳೆದು, ಅರಿಶಿನ ಕುಂಕುಮ ಇಟ್ಟಿದ್ದಳು. ಏರಿಯ ತುದಿಗೆ ಬಂದವಳು ನೀರು ನೋಡಿ ಹಾಗೇ ನಿಂತುಬಿಟ್ಟಳು. ಈ ದಡದಿಂದ ಆ ದಡದ ತನಕ ನೀರು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಗಂಡನ ಕೈಗೆ ಸಲಾಕೆ ಕೊಟ್ಟು, ಮೆಲ್ಲಗೆ ಅಂದಳು: “ತಕ್ಕಳಿ. ಒತ್ತು ಮುಳುಗಾದ್ರೊಳಗೆ ವಾಪಸ್ ತಂದ್ಬುಡಿ, ಕರ ಈಚೆಗೆ ಬಂದ್ಬುಡ್ತದೆ.”

ತೂಬು ಎದ್ದಿತು. ಓದಿದವರು ನಿಮ್ಮೂರ ಜಗಲಿಯಲ್ಲಿ ಇದನ್ನು ಇನ್ನೊಬ್ಬರಿಗೆ ಹೇಳಿ. ಇಲಾಖೆಗಳ ಹೆಸರು ಮರೆತರೂ ಅಡ್ಡಿಯಿಲ್ಲ, ಕರುವಿನ ಮಾತು ಮಾತ್ರ ಬಿಡಬೇಡಿ.