ಕೆಂಪು ಸಾಲಿನವರಿಗೆ ರೇಷ್ಮೆ ಸೀರೆ

ಹೆಂಡತಿಯ ನೆನಪಿನ ಮೇಲೆ ಬಸವಂತರಾಯರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಮಸ್ಕಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿದ ಮನುಷ್ಯ. ಕಾಗದದ ಮೇಲೆ ಇಲ್ಲದ್ದು ಲೋಕದಲ್ಲೇ ಇಲ್ಲ ಎಂಬುದು ಅವರ ಸಿದ್ಧಾಂತ. ಕಲ್ಯಾಣಮ್ಮನಿಗೋ ಇಡೀ ಬಳಗ ನಾಲಿಗೆಯ ತುದಿಯಲ್ಲೇ ಇತ್ತು. ಯಾವ ಮದುವೆಯಲ್ಲಿ ಯಾರು ಯಾರಿಗೆ ಎಂಥ ಸೀರೆ ಉಡಿಸಿದರು, ಅದರ ಸೆರಗು ಯಾವ ಬಣ್ಣದ್ದು (ಎರಡನೇ ಒಗೆತಕ್ಕೆ ಆ ಬಣ್ಣ ಉಳಿಯಿತೋ ಹೋಯಿತೋ) ಎಲ್ಲವನ್ನೂ ಆಕೆ ರೊಟ್ಟಿ ಬಡಿಯುತ್ತಲೇ ಹೇಳಬಲ್ಲಳು. ಆದರೆ ಅದಕ್ಕೆ ಸಹಿ ಇಲ್ಲ, ಸಿಕ್ಕಾ ಇಲ್ಲ. ರಾಯರು ಅದನ್ನು ದಾಖಲೆ ಎಂದು ಒಪ್ಪುವುದು ಹೇಗೆ?

ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಮಗಳಿಗೆ ಏಳು ತಿಂಗಳು ತುಂಬಿ, ತವರಿನಲ್ಲಿ ಕುಬಸ ಮಾಡುವ ದಿನ ಗೊತ್ತಾಯಿತು. ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಿದರೆ ಮುಗಿಯಲಿಲ್ಲ. ಬಂದ ಬಳಗದ ಹೆಣ್ಣುಮಕ್ಕಳಿಗೆಲ್ಲ ಅವರವರ ಯೋಗ್ಯತೆಗೆ ತಕ್ಕಂತೆ ಬಟ್ಟೆ ಕೊಡಬೇಕು. ಇದಕ್ಕೆ ಆಹೇರಿ ಎನ್ನುತ್ತಾರೆ. ಕೆಲವರಿಗೆ ರೇಷ್ಮೆ ಸೀರೆ, ಕೆಲವರಿಗೆ ನೂಲಿನ ಸೀರೆ, ಉಳಿದವರಿಗೆ ಬರೀ ರವಿಕೆಯ ಖಣ. ಇದರಲ್ಲಿ ಒಂದು ಗೇಣು ಆಚೀಚೆಯಾದರೂ ಮೂರು ತಲೆಮಾರು ಮಾತು ಬಿಡುತ್ತದೆ.

ರಾಯರ ಮನೆಯಲ್ಲಿ ಈಗಾಗಲೇ ಮಾತು ಬಿಟ್ಟಿತ್ತು. ಎಂಟು ವರ್ಷದ ಹಿಂದೆ ಇದೇ ಮನೆಯ ಗೃಹಪ್ರವೇಶದಲ್ಲಿ ರಾಯರ ಒಬ್ಬಳೇ ಅಕ್ಕ, ಗುರುಗುಂಟಾಕ್ಕೆ ಕೊಟ್ಟ ಪಂಪಮ್ಮನಿಗೆ, ಕಳೆ ತೆಗೆಯುವ ಆಳಿಗೆ ಕೊಡುವಂಥ ನೂಲಿನ ಸೀರೆ ಹೋಗಿತ್ತು. ಆಕೆ ಅದನ್ನು ಹೊಸ್ತಿಲ ಮೇಲೆ ಇಟ್ಟು, “ಕಲ್ಯಾಣಿ, ನನ್ನ ಕಿಮ್ಮತ್ತು ಎಷ್ಟಂತ ತೋರಿಸಿಬಿಟ್ಟಿ” ಎಂದು ಬಸ್ಸು ಹತ್ತಿದವಳು ಮತ್ತೆ ಬಂದಿರಲಿಲ್ಲ. ಈಗ ಕಲ್ಯಾಣಮ್ಮ ಮೂರು ಸಲ ಗುರುಗುಂಟಾಕ್ಕೆ ಹೋಗಿ, ಕಾಲು ಮುಟ್ಟಿ, ಅತ್ತು, ಕರೆದು ಬಂದಿದ್ದಳು. ಈ ಮನೆತನದ ರೂಢಿ ಏನೆಂದರೆ, ಆಹೇರಿಯ ಹೊಸ ಸೀರೆ ಉಟ್ಟುಕೊಂಡು ಸೋದರತ್ತೆಯೇ ಮೊದಲು ಬಸುರಿಯ ಉಡಿ ತುಂಬಬೇಕು. ಮಗಳು ಕೂಡ ಹಟ ಹಿಡಿದಿದ್ದಳು. ಅತ್ತೆ ಬಾರದಿದ್ದರೆ ತನಗೆ ಕುಬಸವೇ ಬೇಡವೆಂದಳು.

“ಈ ಸಲ ಸೀರಿ ನಾನ ಹಂಚ್ತೀನ್ರಿ. ಬಾಯಾಗ ಎಲ್ಲಾ ಐತಿ ನನಗ” ಎಂದಳು ಕಲ್ಯಾಣಮ್ಮ.

“ನಿನ್ನ ಬಾಯಿ! ಆ ಬಾಯಿಂದನ ಎಂಟು ವರ್ಷ ನಮ್ಮಕ್ಕ ಮನಿ ಮೆಟ್ಟಿಲು ಹತ್ತಿಲ್ಲ” ಎಂದರು ರಾಯರು. “ಈ ಸಲ ಕಂಪ್ಯೂಟರ್ ಮಾಡತೈತಿ. ಅದಕ್ಕ ಹೊಟ್ಟಿಕಿಚ್ಚು ಇಲ್ಲ, ಮರೆವು ಇಲ್ಲ, ತವರುಮನಿನೂ ಇಲ್ಲ.”

ಕಲ್ಯಾಣಮ್ಮ ಎದ್ದು ಅಡುಗೆಮನೆಗೆ ಹೋದಳು. ಗೃಹಪ್ರವೇಶದ ಮಾತು ಬಂದಾಗಲೆಲ್ಲ ಆಕೆ ಹೀಗೆ ಎದ್ದು ಹೋಗುತ್ತಿದ್ದಳು.

ರಾಯರು ಎರಡು ತಿಂಗಳಿಂದ ಸಿಂಧನೂರಿನ ಕಂಪ್ಯೂಟರ್ ಕ್ಲಾಸೊಂದಕ್ಕೆ ಹೋಗುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಮುಖ ತೊಳೆದು, ಗರ್ಭಗುಡಿಗೆ ಹೋದಂತೆ ಒಳಗೆ ಹೋಗಬೇಕಾದ ತಂಪು ಕೋಣೆ ಅದು. ಅಲ್ಲಿನ ಮಾಸ್ತರ ಅಲ್ಲಾಭಕ್ಷ್ ತಾಳ್ಮೆಯ ಮನುಷ್ಯ. ರಾಯರು ಮೌಸನ್ನು ಗಾಳಿಯಲ್ಲಿ ಎತ್ತಿ ತಿರುಗಿಸಿದಾಗಲೂ ನಕ್ಕವನಲ್ಲ. ರಾಯರು ತಮ್ಮ ಯೋಜನೆ ವಿವರಿಸಿದರು. ಅರವತ್ತನಾಲ್ಕು ಹೆಣ್ಣುಮಕ್ಕಳ ಹೆಸರು, ಊರು, ಸಂಬಂಧ. ಇಂಗ್ಲಿಷಿನ ‘ಇ’ ಅಕ್ಷರದ ಕಾಲಮ್ಮಿನಲ್ಲಿ ಗುಟ್ಟಾಗಿ ಅವರ ದರ್ಜೆ: ಒಂದು, ಎರಡು, ಮೂರು. ಒಂದು ಇದ್ದವರ ಸಾಲು ಪೂರಾ ಕೆಂಪಾಗಬೇಕು, ಅವರಿಗೆ ರೇಷ್ಮೆ. ಎರಡು ಇದ್ದವರ ಸಾಲು ಹಳದಿ, ಅವರಿಗೆ ನೂಲು. ಉಳಿದ ಬಿಳಿ ಸಾಲಿಗೆ ಖಣ. ಆಮೇಲೆ ದರ್ಜೆಯ ಕಾಲಮ್ಮನ್ನು ಮುಚ್ಚಿಬಿಡುವುದು. ಯಾರು ಇಣುಕಿದರೂ ಬಣ್ಣ ಕಂಡೀತೇ ಹೊರತು ದರ್ಜೆ ಕಾಣಬಾರದು.

“ಒಂದ ಮನಿಗೆ, ಅಂದ್ರ ಒಂದ ಚೌಕಕ್ಕ, ಬಣ್ಣ ಹಚ್ಚೋದು ಯಾರಿಗರ ಬರ್ತೈತಿ ಸರ್” ಎಂದ ಅಲ್ಲಾಭಕ್ಷ್. “ಪೂರಾ ಸಾಲಿಗೆ ಹಚ್ಚಬೇಕಂದ್ರ ಫಾರ್ಮುಲಾದಾಗ ‘ಇ’ ಮುಂದ ಡಾಲರ್ ಹಾಕಬೇಕು. ಆವಾಗ ಸಾಲಿನ್ಯಾಗಿನ ಎಲ್ಲಾ ಮನಿನೂ ‘ಇ’ ಕಡೆನ ನೋಡ್ತಾವು. ಇ ಏನು ಹೇಳ್ತೈತೋ ಅದ ಬಣ್ಣ.”

“ಅಂದ್ರ ಮನಿಮಂದಿಯೆಲ್ಲಾ ಯಜಮಾನನ ಮಾರಿ ನೋಡಿದಂಗ!” ಎಂದು ರಾಯರು ತೊಡೆ ತಟ್ಟಿಕೊಂಡರು. ಎಷ್ಟು ಯೋಗ್ಯವಾದ ಯಂತ್ರ! (ಅವರ ಸ್ವಂತ ಮನೆಯಲ್ಲಿ ಯಾರೂ ಅವರ ಮಾರಿ ನೋಡುತ್ತಿರಲಿಲ್ಲ.)

“ಹಂಗ ಅನ್ಕೋರಿ. ಆದ್ರ ಹೆಸರು ಯಾವ ಸಾಲಿಂದ ಶುರು ಆಗ್ತಾವೋ, ಫಾರ್ಮುಲಾದಾಗೂ ಅದ ಸಾಲಿನ ನಂಬರ್ ಬರೀಬೇಕು. ಮರೀಬ್ಯಾಡ್ರಿ” ಎಂದು ಹೇಳಿ ಅವನು ಬೇರೆಯವರ ಕಡೆ ಹೋದ.

ರಾಯರು ಮರೆಯಲಿಲ್ಲ. ಮರೆತಿದ್ದರೆ ಒಳ್ಳೆಯದಿತ್ತು. ಅವರ ವಂಶದಲ್ಲಿ ಕಿರಾಣಿ ಚೀಟಿಯನ್ನೂ ‘ಶ್ರೀ’ ಇಲ್ಲದೆ ಬರೆದವರಿಲ್ಲ. ಅದಕ್ಕೇ ಅವರು ಪರದೆಯ ಮೊದಲ ಸಾಲಿನ ನಟ್ಟನಡುವೆ ಇಂಗ್ಲಿಷ್ ಅಕ್ಷರದಲ್ಲಿ ‘ಶ್ರೀ’ ಎಂದು ಹೊಡೆದು, ಅದರ ಕೆಳಗಿನ ಸಾಲಿನಲ್ಲಿ ಕ್ರಮಸಂಖ್ಯೆ ಒಂದು, ಪಂಪಮ್ಮ, ಗುರುಗುಂಟಾ ಎಂದು ಶುರು ಮಾಡಿದ್ದರು. ಈಗ ಫಾರ್ಮುಲಾ ಕೇಳುತ್ತಿದೆ, ಹೆಸರು ಎಷ್ಟನೇ ಸಾಲಿನಿಂದ ಶುರು ಎಂದು. ದೇವರ ಸಾಲನ್ನು ಎಣಿಕೆಗೆ ಹಿಡಿಯುವುದು ಎಲ್ಲಾದರೂ ಉಂಟೆ? ಅಕ್ಕನ ಮುಂದೆ ಒಂದು ಎಂದು ಇದೆಯಲ್ಲ! ರಾಯರು ಭಯಭಕ್ತಿಯಿಂದ ಒಂದು ಎಂದೇ ಬರೆದರು.

ಪರದೆಯ ಮೇಲೆ ಕೆಂಪು, ಹಳದಿ, ಬಿಳಿ ಸಾಲುಗಳು ಎದ್ದು ನಿಂತಾಗ ರಾಯರ ಕಣ್ಣಲ್ಲಿ ನೀರೇ ಬಂತು. ಕರೆಂಟು ಹೋಗುವ ಹೊತ್ತಾಗಿತ್ತು. ಗಡಿಬಿಡಿಯಲ್ಲಿ ದರ್ಜೆಯ ಕಾಲಮ್ಮು ಮುಚ್ಚಿ, ಬಣ್ಣದ ಪ್ರಿಂಟು ತೆಗೆಸಿ, ಪ್ಲಾಸ್ಟಿಕ್ ಹಾಳೆಯಲ್ಲಿಟ್ಟುಕೊಂಡು ಮಸ್ಕಿಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಪಕ್ಕದವನಿಗೆ ತೋರಿಸಿದರು. ಅವನು ಯಾವುದೋ ಹೊಸ ಬೀಜದ ಕಂಪನಿಯ ಜಾಹೀರಾತು ಎಂದುಕೊಂಡ.

ಮನೆಯಲ್ಲಿ ಕಲ್ಯಾಣಮ್ಮ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು. ಆಕೆಗೆ ಇಂಗ್ಲಿಷ್ ಬಾರದು.

“ಅಕ್ಕಾರ ಹೆಸರು ಎಲ್ಲೈತ್ರಿ?”

“ಎಲ್ಲಾರಕಿಂತ ಮ್ಯಾಲ.”

“ಮ್ಯಾಲಿಂದು ಬಿಳೇ ಐತಲ್ಲ?”

ರಾಯರ ಚಷ್ಮಾ ಒಳಗೋಡೆಯ ಮಾಡದಲ್ಲಿತ್ತು. ತರಲು ಹೋಗುವುದು ಅವರ ಪಾಂಡಿತ್ಯಕ್ಕೆ ಕಡಿಮೆ. “ಅದು ದೇವರ ಸಾಲು, ಹುಚ್ಚಿ. ಅದರ ಕೆಳಗ ಕೆಂಪು ಕಾಣಸತೈತಲ್ಲ, ಅದ ನಮ್ಮಕ್ಕ” ಎಂದುಬಿಟ್ಟರು.

ಕುಬಸದ ದಿನ ಬಂತು. ಪಂಪಮ್ಮ ಬಂದಳು! ಎಂಟು ವರ್ಷದ ಮೇಲೆ ಆಕೆ ಹೊಸ್ತಿಲು ದಾಟಿದಾಗ ಕಲ್ಯಾಣಮ್ಮ ತಾನೇ ತಂಬಿಗೆ ಹಿಡಿದು ಬಂದು ಕಾಲಿಗೆ ನೀರು ಕೊಟ್ಟಳು. ಜೊತೆಗೆ ಪಂಪಮ್ಮನ ನೆಗೆಣ್ಣಿ, ಮೈದುನನ ಹೆಂಡತಿ ಹೊನ್ನೂರಮ್ಮನೂ ಬಂದಿದ್ದಳು. ಇಬ್ಬರೂ ಒಂದೇ ಗೋಡೆಯ ಎರಡು ಬದಿಗೆ ಸಂಸಾರ ಮಾಡುವವರು. ಹಿತ್ತಲಿನ ಬೇವಿನ ಮರ ಯಾರದೆಂದು ಹನ್ನೆರಡು ವರ್ಷದಿಂದ ಮಾತಿಲ್ಲ. ಒಂದೇ ಬಸ್ಸಿನಲ್ಲಿ ಬಂದರೂ ಒಬ್ಬಳು ಮುಂದಿನ ಸೀಟು, ಒಬ್ಬಳು ಹಿಂದಿನ ಸೀಟು.

ಸೀರೆ ಹಂಚುವ ಅಧಿಕಾರವನ್ನು ರಾಯರು ಹೆಂಡತಿಯ ತಮ್ಮ ಶಿವಶರಣಪ್ಪನಿಗೆ ವಹಿಸಿದರು. ದೊಡ್ಡ ಗಂಟಲು, ಪ್ರಶ್ನೆ ಕೇಳುವ ಸ್ವಭಾವ ಇಲ್ಲ. “ತಲಿ ಓಡಸಬ್ಯಾಡ. ಬಣ್ಣ ನೋಡು, ಗಂಟು ಎತ್ತು, ಕೊಡು” ಎಂದು ಆಜ್ಞೆಯಾಯಿತು. ಕಲ್ಯಾಣಮ್ಮನನ್ನು ಹೋಳಿಗೆಯ ಹಂಚಿನ ಮುಂದೆ ಕೂರಿಸಲಾಯಿತು. ರಾಯರು ಪಡಸಾಲೆಯಲ್ಲಿ ಲಿಂಗಸುಗೂರಿನಿಂದ ಬಂದ ಬೀಗರ ಮುಂದೆ ಗಣಕಯಂತ್ರದ ಮಹಿಮೆಯನ್ನು ವರ್ಣಿಸುತ್ತ ಕೂತರು. ಒಳಗಿನಿಂದ ಶಿವಶರಣಪ್ಪನ ಕೂಗು ಬರುತ್ತಿತ್ತು. ಒಂದರ ಹಿಂದೊಂದು ಹೆಸರು, ತಡವರಿಕೆ ಇಲ್ಲ, ಜಗಳ ಇಲ್ಲ.

“ನೋಡ್ರಿ, ಪಿಟ್ ಅನ್ನವಲ್ರು ಯಾರೂ! ಇದಕ್ಕ ಸಿಸ್ಟಮ್ ಅಂತಾರ” ಎಂದರು ರಾಯರು.

ಯಾರೂ ಪಿಟ್ಟೆನ್ನದೆ ಇರುವುದಕ್ಕೆ ಬೇರೆ ಕಾರಣವಿತ್ತು.

ಶಿವಶರಣಪ್ಪ ತಲೆ ಕೆರೆಯುತ್ತ ಹೊರಗೆ ಬಂದ. “ಮಾಮಾ, ಖಣ ಒಂದು ಕಮ್ಮಿ ಬಿತ್ತು. ರೇಷ್ಮಿ ಒಂದು ಉಳೀತು. ಕಡೀ ಹೆಸರು ನಮ್ಮಕ್ಕಂದು. ಪಟ್ಟ್ಯಾಗ ಬಿಳೇ ಐತಿ, ಆಕಿಗೆ ಕೊಡಾಕ ಖಣ ಇಲ್ಲ.”

“ಕಲ್ಯಾಣೀದು ಬಿಳೇ? ಆಕಿದು ಕೆಂಪು ಮಾಡೀನಲ್ಲೋ!” ಎಂದು ರಾಯರು ಎದ್ದು ಒಳಗೆ ನಡೆದರು. ಬಾಗಿಲಲ್ಲೇ ನಿಂತುಬಿಟ್ಟರು.

ಬಳೆ ತೊಡಿಸಲು ಬಂದಿದ್ದ ಸಕೀನಾಬೀ ಮಡಿಲಲ್ಲಿ ರೇಷ್ಮೆ ಸೀರೆ ಇಟ್ಟುಕೊಂಡು, “ಯಾ ಅಲ್ಲಾ, ಇದು ನನಗೇನ್ರೀ, ಖರೇನ?” ಎಂದು ಕಂಡಕಂಡವರನ್ನು ಕೇಳುತ್ತಿದ್ದಳು. ಆಕೆಯ ಪಕ್ಕದಲ್ಲಿ ಸಂತೆಕಲ್ಲೂರಿನಿಂದ ಬಂದ ರಾಯರ ಅತ್ತೆ, ಅಂದರೆ ಸಾಕ್ಷಾತ್ ಕಲ್ಯಾಣಮ್ಮನ ತಾಯಿ, ಅಂಗೈಯಗಲದ ಖಣವನ್ನು ಬಿಡಿಸಿ ಇದರೊಳಗೆ ಇನ್ನೇನಾದರೂ ಇದೆಯೋ ಎಂದು ಹುಡುಕುತ್ತಿದ್ದರು. ಹೊನ್ನೂರಮ್ಮ ಇಳಕಲ್ಲಿನ ಕೆಂಪು ಸೆರಗನ್ನು ಬೇಕೆಂದೇ ಹೆಗಲ ಮೇಲೆ ಹರವಿಕೊಂಡು, ಹನ್ನೆರಡು ವರ್ಷದ ಮೌನ ಮುರಿದು, “ಚಲೋ ಐತಿ ಅಲ್ಲಬೇ ಪಂಪಕ್ಕ?” ಎನ್ನುತ್ತಿದ್ದಳು.

ಪಂಪಮ್ಮನ ಮುಂದೆ ಒಂದು ಖಣ ಬಿದ್ದಿತ್ತು. ಆಕೆ ಅದನ್ನು ಮುಟ್ಟಿರಲಿಲ್ಲ.

ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದ ಮಗಳ ಕಣ್ಣು ತುಂಬಿದ್ದವು. ಕಲ್ಯಾಣಮ್ಮ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಅಡುಗೆಮನೆಯಿಂದ ಬಂದು ಗೋಡೆ ಹಿಡಿದು ನಿಂತಳು.

“ಎರಡನೇ ಸಲ ಕಲ್ಯಾಣಿ” ಎಂದು ಪಂಪಮ್ಮ ನಿಧಾನಕ್ಕೆ ಎದ್ದಳು. “ಮದಲನೇ ಸಲ ಆಳಿನ ಸೀರಿ. ಈ ಸಲ ಅದೂ ಇಲ್ಲ. ಇದಕ್ಕ ಮೂರು ಸಲ ಬಂದು ನನ್ನ ಕಾಲು ಹಿಡಿದೇನು? ಮಂದಿ ಮುಂದ ಕುಂದರಿಸಿ ಈಕಿ ಕಡಿಂದ ನಗಸಾಕ?”

“ಅಕ್ಕಾರ, ನಿಮ್ಮಾಣಿ, ನಂಗೇನೂ ಗೊತ್ತಿಲ್ರಿ” ಎಂದಳು ಕಲ್ಯಾಣಮ್ಮ.

ರಾಯರು ಹಾಳೆ ಕಿತ್ತುಕೊಂಡು, ಈಗಲಾದರೂ ಚಷ್ಮಾ ಏರಿಸಿ ನೋಡಿದರು. ಮೊದಲ ಸಾಲು ‘ಶ್ರೀ’, ಬಿಳಿ. ಎರಡನೆಯದು ಅಕ್ಕ, ಅದೂ ಬಿಳಿ. ಅಕ್ಕನ ಕೆಂಪು ಹೊನ್ನೂರಮ್ಮನಿಗೆ ಇಳಿದಿದೆ. ಅತ್ತೆಯ ಕೆಂಪು ಕೆಳಗಿನ ಸಕೀನಾಬೀಗೆ ಇಳಿದಿದೆ. ಅರವತ್ತನಾಲ್ಕು ಮಂದಿಯೂ ತಮ್ಮ ದರ್ಜೆ ಬಿಟ್ಟು ತಮ್ಮ ಮೇಲಿನ ಸಾಲಿನವರ ದರ್ಜೆ ಪಡೆದಿದ್ದಾರೆ. ಅಕ್ಕನ ಮೇಲಿದ್ದವನು ದೇವರು. ಅವನಿಗೆ ರಾಯರು ಯಾವ ದರ್ಜೆಯನ್ನೂ ಕೊಟ್ಟಿರಲಿಲ್ಲ.

“ಅಕ್ಕಾ, ನಿಂದ್ರು, ನಿಂದ್ರು! ತಪ್ಪು ಸಿಕ್ತು!” ಎಂದು ರಾಯರು ಕೂಗಿದರು. ಕಾರಣ ಸಿಕ್ಕ ಸಂತೋಷಕ್ಕೆ ಅವರಿಗೆ ಮೈಮೇಲೆ ಖಬರು ಇರಲಿಲ್ಲ. “ಕಲ್ಯಾಣೀದು ಏನೂ ಇಲ್ಲ. ನಾ ದೇವರ ಸಾಲು ಎಣಿಸಿಲ್ಲ, ಅಷ್ಟ! ಎಲ್ಲಾ ಒಂದೊಂದು ಸಾಲು ಕೆಳಗ ಸರದೈತಿ. ಗೃಹಪ್ರವೇಶದಾಗೂ ಹಿಂಗ ಆಗಿತ್ತು ನೋಡು. ಸೀರಿಗೆ ನಂಬರಿನ ಚೀಟಿ ಹಚ್ಚುವಾಗ ನಾ ಶ್ರೀ ಸಾಲಿಗೆ ಒಂದನೇ ನಂಬರ್ ಹಿಡಿದು, ನಿನ್ನ ರೇಷ್ಮಿ ಎರಡನೇದಾಕಿಗೆ ಹೋತು, ಕಡೀಗೆ ಉಳಿದ ಆಳಿನ ಸೀರಿ ನಿನಗ...”

ಅಲ್ಲಿಗೆ ರಾಯರ ಬಾಯಿ ತಾನಾಗಿ ನಿಂತಿತು. ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಹಂಚಿನ ಮೇಲೆ ಹೋಳಿಗೆ ಹೊತ್ತುವ ವಾಸನೆ ಬಂತು. ಯಾರೂ ಏಳಲಿಲ್ಲ.

“ಗೃಹಪ್ರವೇಶದ ಪಟ್ಟಿ ನೀ ಮಾಡಿದ್ದೇನೋ, ಬಸವಂತಾ?” ಎಂದಳು ಪಂಪಮ್ಮ.

“ಅಂದ್ರ... ಹೂಂ. ಮರುದಿನ ನೋಡಿದಾಗ ಗೊತ್ತಾತು. ನೀ ಅಷ್ಟೊತ್ತಿಗೆ ಈಕಿಗೆ ಬೈದು ಹೋಗಿದ್ದಿ. ಇನ್ನ ನಾ ಎಲ್ಲಿ ನಡುವ...”

ಕಲ್ಯಾಣಮ್ಮ ಗಂಡನನ್ನೇ ನೋಡುತ್ತಿದ್ದಳು. ಎಂಟು ವರ್ಷ! ತಾನೇ ಗಂಟು ಅದಲು ಬದಲು ಮಾಡಿದೆನೇನೋ ಎಂದು ಆಕೆ ತನ್ನನ್ನೇ ಸಂಶಯಪಟ್ಟಿದ್ದಳು. ಉಪವಾಸ ಮಾಡಿದ್ದಳು. ಮಾಡದ ತಪ್ಪಿಗೆ ಮೂರು ಸಲ ಕಾಲು ಮುಟ್ಟಿ ಬಂದಿದ್ದಳು. ಆ ನೋಟದ ಮುಂದೆ ರಾಯರಿಗೆ ಜೀವಮಾನದಲ್ಲೇ ಮೊದಲ ಸಲ ತಾವು ಎಂಥ ಹೇಡಿ ಎಂಬುದು ತಿಳಿಯಿತು.

ಪಂಪಮ್ಮ ಹೋಗಿ ಕಲ್ಯಾಣಮ್ಮನ ಹಿಟ್ಟಿನ ಕೈಗಳನ್ನು ಹಿಡಿದುಕೊಂಡಳು. “ಎಂಟು ವರ್ಷ ನಿನ್ನ ಶಾಪ ಹಾಕೀನವ್ವ. ಈ ಮಂಗ್ಯಾನ ನನ್ನ ತಮ್ಮ ಅಂತ ಗೊತ್ತಿದ್ದೂ ನಿನ್ನ ಬೈದ್ನಲ್ಲ” ಎಂದು ಅತ್ತಳು. ಇಬ್ಬರೂ ಅತ್ತರು. ಸಕೀನಾಬೀ ರೇಷ್ಮೆ ಸೀರೆ ವಾಪಸು ಕೊಡಲು ಬಂದಾಗ ಇಬ್ಬರೂ ಒಟ್ಟಿಗೇ, “ಕುಂಕುಮ ಹಚ್ಚಿ ಕೊಟ್ಟಿದ್ದು ವಾಪಸ್ ತೊಗೊಳ್ಳೂದಿಲ್ಲ, ಉಟ್ಕೋ” ಎಂದು ಗದರಿದರು. ಉಳಿದಿದ್ದ ಒಂದೇ ರೇಷ್ಮೆ ಸೀರೆ, ಕಲ್ಯಾಣಮ್ಮನ ಪಾಲಿನದು, ಪಂಪಮ್ಮನ ಮೈಗೆ ಹೋಯಿತು. ಅದನ್ನು ಉಟ್ಟು ಆಕೆ ಸೋದರಸೊಸೆಯ ಉಡಿ ತುಂಬಿದಳು.

ಗಂಡಾಂತರ ಕಳೆಯಿತೆಂದು ರಾಯರು ಮೆಲ್ಲಗೆ ಊಟದ ಸಾಲಿನ ತುದಿಗೆ ಹೋಗಿ ಕೂತರು.

“ಅವಗ ನೀಡಬ್ಯಾಡ್ರಿ” ಎಂದಳು ಪಂಪಮ್ಮ. “ಬಸವಂತಾ, ಎದ್ದೇಳು. ನಿನ್ನ ಪಟ್ಟ್ಯಾಗ ಎಷ್ಟು ಮಂದಿ ಅದಾರ, ಅಷ್ಟೂ ಮಂದಿಗೆ ಎರಡೂ ತಪ್ಪು ನಂದ, ಕಲ್ಯಾಣೀದಲ್ಲ ಅಂತ ಬಾಯಿಬಿಟ್ಟು ಹೇಳಿ ಬಂದು ಉಣ್ಣು.”

ಬೀಗರು ನೋಡುತ್ತಿದ್ದರು. ರಾಯರು ಎದ್ದು, ಹಾಳೆ ಬಿಡಿಸಿ, ಕ್ರಮಸಂಖ್ಯೆ ಒಂದರ ಮೇಲೆ ಬೆರಳಿಟ್ಟು, “ಹಂಗಾದ್ರ ಮದಲ ನಮ್ಮಕ್ಕ, ಗುರುಗುಂಟಾ...” ಎಂದು ಶುರು ಮಾಡಿದರು.

ಕಲ್ಯಾಣಮ್ಮ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡಳು. ಅದನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿ, ಅದರ ಮೇಲೆ ಕುಳಿತಳು.

“ಮದಲ ನಾನು” ಎಂದಳು. “ಹೇಳ್ರಿ.”

ರಾಯರು ಹೇಳಿದರು. ತಲೆ ಬಗ್ಗಿಸಿ, ಎರಡೂ ತಪ್ಪು ನನ್ನದೇ, ನಿನ್ನದಲ್ಲ, ಎಂದು ಪೂರ್ತಿ ಹೇಳಿದರು. ಕಲ್ಯಾಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಪಡಸಾಲೆಯ ಕಡೆ ಒಮ್ಮೆ ನೋಡಿದಳು.

“ಹೊರಗ ಕುಂತವರಿಗೆ ಕೇಳಸಲಿಲ್ರಿ. ಇನ್ನೊಮ್ಮಿ, ಗಟ್ಟಿಯಾಗಿ.”