ದಂಡ ಕಾಣದ ಸವಾರ

ಆ ಪೊಲೀಸಪ್ಪ ಮೋಹನ್‌ಬಾಬು ಮೇಷ್ಟ್ರ ಬಾಗಿಲನ್ನೇ ಮೊದಲು ತಟ್ಟಿದ್ದರೆ ಶಿಡ್ಲಘಟ್ಟದ ಆ ಬೀದಿಗೆ ಅಂದು ಅಷ್ಟೊಂದು ಕೆಲಸ ಬೀಳುತ್ತಿರಲಿಲ್ಲ. ಪುಣ್ಯಾತ್ಮ ವಿಳಾಸ ಕೇಳಿದ್ದು ಎದುರುಮನೆ ಅಮ್ಮಾಜಮ್ಮನನ್ನು. ಆಕೆ ಹಾಲಿನ ಪಾತ್ರೆಯನ್ನು ಹಾಗೇ ಹಿಡಿದು, ತಾನೇ ದಾರಿ ತೋರಿಸುತ್ತ ಬಂದು, ನೋಟಿಸು ಕೈಸೇರುವವರೆಗೂ ಜಗುಲಿ ಬಿಟ್ಟು ಅಲುಗಲಿಲ್ಲ.

"ಏನಪ್ಪ, ಮೇಷ್ಟ್ರು ಏನ್ ಮಾಡ್ಬಿಟ್ರು?"

"ಏನಿಲ್ಲ ಕಣಮ್ಮ. ಟ್ರಾಫಿಕ್ ದಂಡ. ಏಳು ಕೇಸು."

"ಏಳಾ!" ಎಂದು ಅಮ್ಮಾಜಮ್ಮ ಕೂಗಿದ್ದು ಬೀದಿಯ ಕೊನೆಯ ಮನೆಗೂ ಕೇಳಿಸಿತು.

ಬೇರೆ ಯಾವ ದಿನವಾದರೂ ಮೇಷ್ಟ್ರು ಇದನ್ನು ಸಹಿಸಿಕೊಳ್ಳುತ್ತಿದ್ದರು. ಆದರೆ ಅಂದು ಸಂಜೆ ನಾಲ್ಕಕ್ಕೆ ಅವರ ಹೈಸ್ಕೂಲಿನಲ್ಲಿ ರಸ್ತೆ ಸುರಕ್ಷತಾ ಸಪ್ತಾಹದ ಸಮಾರೋಪ. ಆರು ವರ್ಷದಿಂದ ಒಂದೇ ಒಂದು ದಂಡ ಬೀಳದ ಸವಾರರೆಂದು ಡ್ರಾಯಿಂಗ್ ಮೇಷ್ಟ್ರಾದ ಅವರಿಗೇ ಶಾಲು ಹೊದಿಸುವುದೆಂದು ತೀರ್ಮಾನವಾಗಿತ್ತು. ಬ್ಯಾನರನ್ನೂ ಅವರೇ ಬರೆದಿದ್ದರು. ತಮ್ಮ ಹೆಸರನ್ನು ಕೊಂಚ ದಪ್ಪವಾಗಿಯೇ ಬರೆದಿದ್ದರು.

ಹೆಂಡತಿ ಶೋಭಾರಾಣಿ ನೋಟಿಸನ್ನು ಎರಡು ಸಲ ಓದಿದಳು. "ಏಳಕ್ಕೆ ಏಳೂ ಚಿಂತಾಮಣಿ ಹತ್ರದ ಮುರುಗಮಲ್ಲದಲ್ಲಿ. ಹೆಲ್ಮೆಟ್ ಇಲ್ಲ. ಒಂದು ಗಾಡಿಲಿ ಮೂರು ಜನ. ಹಿಂದೆ ಕೂತಿದ್ದೋರು ಯಾರು ರೀ?"

"ಅಯ್ಯೋ ರಾಣಿ, ಇದು ನಮ್ಮ ಹಳೇ ಬೈಕಿನ ನಂಬರ್ರು! ಆರು ವರ್ಷದ ಹಿಂದೆ ಗ್ಯಾರೇಜ್ ಜಾಹಿದ್‌ಗೆ ಕೊಟ್ಬಿಟ್ಟೆ. ಯಾವನೋ ಓಡಿಸ್ತಾವ್ನೆ."

"ಕೊಟ್ಟಿದ್ರೆ ನೋಟಿಸು ನಿಮ್ಮ ಹೆಸರಿಗ್ಯಾಕೆ ಬರುತ್ತೆ?"

ಇದಕ್ಕೆ ಮೇಷ್ಟ್ರ ಹತ್ತಿರ ಉತ್ತರವಿತ್ತು, ಆದರೆ ಹೇಳಿಕೊಳ್ಳುವಂಥದ್ದಲ್ಲ. ನಮ್ಮ ಕಡೆ ಗಾಡಿ ಮಾರುವುದೆಂದರೆ ಗ್ಯಾರೇಜಿನ ಮುಂದೆ ನಿಂತು ಟೀ ಕುಡಿಯುವುದು, ಕೀ ಕೊಡುವುದು, "ಹೆಸರು ಬದಲಾವಣೆ ಮುಂದಿನ ವಾರ ಮಾಡಿಸ್ಕೊಳಣ" ಎನ್ನುವುದು. ಆ ಮುಂದಿನ ವಾರ ಇವತ್ತಿಗೂ ಯಾರ ಮನೆಗೂ ಬಂದದ್ದಿಲ್ಲ.

"ಫೋಟೋ ಇರುತ್ತಂತಲ್ಲ," ಎಂದಳು ಅಮ್ಮಾಜಮ್ಮ ಜಗುಲಿಯಿಂದಲೇ. "ತಂದು ತೋರಿಸಿದ್ರೆ ಆಯ್ತಪ್ಪ, ಹಿಂದೆ ಯಾವೋಳು ಕೂತಿದ್ಲು ಅಂತ."

ಬರೀ 'ಯಾರು' ಆಗಿದ್ದದ್ದು ಒಂದೇ ಉಸಿರಿನಲ್ಲಿ 'ಯಾವೋಳು' ಆಗಿಬಿಟ್ಟಿತು. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು.

ಸ್ಕೂಟರ್ ಹತ್ತಿ, ಹೆಲ್ಮೆಟ್ಟನ್ನು ಎಂದಿನಂತೆ ಕನ್ನಡಿಗೆ ನೇತುಹಾಕಿಕೊಂಡು, ನೇರ ಜಾಹಿದನ ಗ್ಯಾರೇಜಿಗೆ ಹೋದರು. ಮೇಷ್ಟ್ರು ಹೆಲ್ಮೆಟ್ ಹಾಕುತ್ತಿದ್ದದ್ದು ಶಾಲೆಯ ಗೇಟು ಕಂಡಾಗ ಮತ್ತು ಪೊಲೀಸರು ಕಂಡಾಗ ಮಾತ್ರ. ಒನ್‌ವೇ, ಸಿಗ್ನಲ್ಲು, ನೋ ಪಾರ್ಕಿಂಗು ಯಾವುದೂ ಅವರ ಮನಸ್ಸಿಗೆ ತಾಗುತ್ತಿರಲಿಲ್ಲ. ದಂಡ ಬಂದಿಲ್ಲವೆಂದರೆ ತಪ್ಪೇ ಮಾಡಿಲ್ಲ ಎನ್ನುವುದು ಅವರ ಲೆಕ್ಕ. ಎಂಥ ಸುಖದ ಲೆಕ್ಕ ನೋಡಿ!

"ಜಾಹಿದ್, ನನ್ನ ಬೈಕ್ ಯಾರಿಗೆ ಮಾರಿದೆ?"

ಜಾಹಿದ್ ಕೈಯೊರೆಸಿಕೊಂಡ. "ಯಾರಿಗೋ ಕೊಟ್ಟೆ ಸಾರ್. ಅವನು ಇನ್ಯಾರಿಗೋ. ಈಗ ಎಲ್ಲಿ ಹುಡುಕ್ಲಿ?"

"ಪರವಾಗಿಲ್ಲ ಬಿಡು. ಚಿಂತಾಮಣಿಗೆ ಹೋಗ್ತೀನಿ. ದಂಡದ ಕೌಂಟರಲ್ಲಿ ರೆಕಾರ್ಡ್ ತೆಗೆಸ್ತೀನಿ, ಫೋಟೋ ಸಮೇತ."

ಜಾಹಿದನ ಮುಖ ಸಪ್ಪಗಾಯಿತು. "ಬೇಡ ಸಾರ್. ದಂಡ ಕಟ್ಬಿಡಿ, ನಾನೂ ಅರ್ಧ ಹಾಕ್ತೀನಿ. ರೆಕಾರ್ಡ್ ಮಾತ್ರ ಕೆದಕಬೇಡಿ. ಯಾರಿಗೂ ಒಳ್ಳೇದಾಗಲ್ಲ."

ಹೋ! ಕಳ್ಳ ಸಿಕ್ಕಿಬಿದ್ದ ಎಂದುಕೊಂಡರು ಮೇಷ್ಟ್ರು. ಇಬ್ಬರನ್ನು ಹಿಂದೆ ಕೂರಿಸಿಕೊಂಡು ಮುರುಗಮಲ್ಲಕ್ಕೆ ಹೋಗುವವನು ಇವನೇ. ಇಲ್ಲದಿದ್ದರೆ ಅರ್ಧ ಹಾಕುತ್ತೇನೆ ಎನ್ನುವಷ್ಟು ಧಾರಾಳಿ ಇವನು ಯಾವಾಗ ಆದ?

ಊರಾಚೆಯ ಬಸ್ ಸ್ಟಾಪಿನಲ್ಲಿ ಬಿಳಿ ಗಡ್ಡದ ಮುದುಕರೊಬ್ಬರು ಕೈ ಅಡ್ಡ ಹಿಡಿದರು. ರೇಷ್ಮೆ ನೂಲು ತೆಗೆಸುವ ಮಹಮ್ಮದ್ ಇಸ್ಮಾಯಿಲ್ ಸಾಬರು. ಮೇಷ್ಟ್ರು ಹತ್ತಿಸಿಕೊಂಡರು. ಸಾಬರೂ ಹೋಗುತ್ತಿದ್ದದ್ದು ಅದೇ ಕೌಂಟರಿಗೆ.

"ನಿಮಗೂ ನೋಟಿಸಾ ಸಾಬ್ರೆ?"

"ಮೂವತ್ತೊಂದು! ಮಾರಿದ ಗಾಡಿ, ಮೇಷ್ಟ್ರೇ. ಮೆಸೇಜ್ ಬರ್ತಿದ್ವು; ಬ್ಯಾಂಕಿನೋರು ಸಾಲ ಕೊಡ್ತೀವಿ ಅಂತ ಕಳಿಸೋದು ಅಂದ್ಕೊಂಡು ಬಿಟ್ಬಿಟ್ಟಿದ್ದೆ. ಮೊನ್ನೆ ಮೊಮ್ಮಗಳು ಹುಮಾ ಓದಿದ್ಲು. ಅರೆ, ಅದ್ರಲ್ಲಿ ಆರು ಲೇಡೀಸ್ ಕಾಲೇಜ್ ರೋಡಲ್ಲಂತೆ! ನಮ್ಮ ವಜೀರುನ್ನೀಸಾ ಮೂರು ದಿನದಿಂದ ನಂಜೊತೆ ಮಾತಾಡ್ತಿಲ್ಲ. ಎಪ್ಪತ್ತೆರಡು ವರ್ಷಕ್ಕೆ ಈ ಅನುಮಾನ ಬೇಕಾ ನನಗೆ?"

ಹೆಂಡತಿಯ ಅನುಮಾನ ಎಂಥದ್ದೆಂದು ಬೆಳಗಿನಿಂದ ಮೇಷ್ಟ್ರಿಗೂ ಗೊತ್ತಾಗಿತ್ತು. "ಎಂಥ ಲಜ್ಜೆಗೆಟ್ಟ ನನ್ಮಗ ಇರಬೇಕು ಸಾಬ್ರೆ! ಇನ್ನೊಬ್ಬರ ಹೆಸರಲ್ಲಿ ಮೆರೆಯೋನು!"

"ಸಿಕ್ಲಿ ಅವನು," ಎಂದರು ಸಾಬರು.

ಹುಣಸೇನಹಳ್ಳಿ ದಾಟುವಷ್ಟರಲ್ಲಿ ಇಬ್ಬರೂ ಸೇರಿ ಆ ಅಜ್ಞಾತನ ಮೂರು ತಲೆಮಾರನ್ನು ಜಾಲಾಡಿದ್ದರು. ಚಿಂತಾಮಣಿ ಸರ್ಕಲ್ಲಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಮೇಷ್ಟ್ರು ನಿಲ್ಲಿಸಲಿಲ್ಲ.

"ಮೇಷ್ಟ್ರೇ, ಮೇಲೆ ಕ್ಯಾಮೆರಾ ಐತೆ," ಎಂದು ಸಾಬರು ಕತ್ತೆತ್ತಿ ಬೆರಳು ತೋರಿಸಿದರು.

"ಇರ್ಲಿ ಬಿಡಿ. ಆರು ವರ್ಷದಲ್ಲಿ ನನಗೆ ಒಂದೂ ಬಂದಿಲ್ಲ. ಮನಸ್ಸು ಶುದ್ಧ ಇರಬೇಕು ಅಷ್ಟೇ."

ಹಾಳು ಪ್ರಿಂಟರು ಬೇರೆ ಕೆಟ್ಟು, ಕೌಂಟರಿನಲ್ಲಿ ಸರದಿ ಬರುವುದಕ್ಕೆ ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ಹೆಡ್‌ಮಾಸ್ಟರ್ ಮುನಿನಾರಾಯಣಪ್ಪನವರ ಫೋನು: "ಮೋಹನ್‌ಬಾಬು, ಪೊಲೀಸಿನೋರು ನಿಮ್ಮ ಮನೆಗೆ ಬಂದಿದ್ರಂತೆ? ದಂಡ ಬಾಕಿ ಇಲ್ಲ ಅಂತ ಕಾಗದ ತಗೊಂಡು ಬನ್ನಿ. ಇಲ್ಲಾಂದ್ರೆ ಶಾಲು ಅಟೆಂಡರ್ ಬಯ್ಯಪ್ಪನಿಗೆ. ಅವನು ಸೈಕಲ್ಲಲ್ಲಿ ಬರ್ತಾನೆ, ತಂಟೆ ಇಲ್ಲ."

ಕೌಂಟರಿನ ತನುಜ ಎಂಬ ಪೊಲೀಸ್ ಹುಡುಗಿ ಮೇಷ್ಟ್ರ ನೋಟಿಸಿನ ನಂಬರ್ ಒತ್ತಿ ಫೋಟೋಗಳನ್ನು ತೆರೆದಳು. ಏಳರಲ್ಲೂ ಅದೇ ಹಳೇ ಬೈಕು, ಅದರ ಮೇಲೆ ಮೂವರು. ಮೂವರೂ ಧೂಳಿಗೆ ಹೆದರಿ ಕಣ್ಣಷ್ಟೇ ಕಾಣುವಂತೆ ಟವೆಲ್ ಸುತ್ತಿದ್ದರು.

"ಇದು ಜಾಹಿದ್ದೇ!" ಎಂದರು ಮೇಷ್ಟ್ರು.

"ಟವೆಲ್ ನೋಡಿ ಹೇಗೆ ಹೇಳ್ತೀರಾ ಸಾರ್? ಓಡಿಸಿದೋರು ಯಾರಂತ ಗೊತ್ತಾದ್ರೆ ಅವರು ಕಟ್ತಾರೆ. ಗೊತ್ತಾಗ್ಲಿಲ್ಲ ಅಂದ್ರೆ ಗಾಡಿ ಯಾರ ಹೆಸರಲ್ಲಿದ್ಯೋ ಅವರು."

"ಅನ್ಯಾಯ!" ಮೇಷ್ಟ್ರು ತರಗತಿಯ ದನಿ ತೆಗೆದರು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. "ನಂದು ಹಾಗಿರ್ಲಿ. ಈ ವಯಸ್ಸಾದೋರನ್ನ ನೋಡಿ! ಯಾವನೋ ಮೆರೆದಿದ್ದಕ್ಕೆ ಇವರು ಯಾಕೆ ಕಟ್ಬೇಕು? ಆ ನನ್ಮಗನ ಮುಖ ಕಂಡ್ರೆ ಒಂದು ಪೈಸೆ ಬಿಡಬಾರದು. ಎಲ್ಲಾ ಅವನ ಕೈಲೇ ಕಟ್ಟಿಸ್ಬೇಕು. ಬೇಕಾದ್ರೆ ಸಾಕ್ಷಿ ಸಹಿ ನಾನು ಹಾಕ್ತೀನಿ!"

"ಹಾಕಿ ಸಾರ್," ಎಂದು ತನುಜ ಹಾಳೆ ಮುಂದಿಟ್ಟಳು. ಮೇಷ್ಟ್ರು ಸಾಬರ ಪರವಾಗಿ ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆದರು: ಗಾಡಿ ಯಾರ ಹೆಸರಿನಲ್ಲಿದ್ದರೂ ದಂಡವನ್ನು ಓಡಿಸಿದವನೇ ಕಟ್ಟತಕ್ಕದ್ದು. ಸಹಿ ಹಾಕಿ ಕೆಳಗೆ ಗೆರೆಯನ್ನೂ ಎಳೆದರು. ಸಾಬರ ಕಣ್ಣಲ್ಲಿ ನೀರು ಬಂತು.

ಸಾಬರ ಮೊಬೈಲು ಟಿಣ್ ಎಂದದ್ದು ಆಗ.

"ನೋಡಮ್ಮ, ಮತ್ತೆ ಬ್ಯಾಂಕಿನೋರು," ಎಂದು ಅವರು ಅದನ್ನು ತನುಜಳಿಗೆ ಕೊಟ್ಟರು.

"ಬ್ಯಾಂಕಲ್ಲ ತಾತ. ಮೂವತ್ತೆರಡನೇದು. ಇವತ್ತೇ, ನಮ್ಮ ಸರ್ಕಲ್ಲಲ್ಲೇ ಸಿಗ್ನಲ್ ಜಂಪು. ಇಬ್ಬರಿಗೂ ಹೆಲ್ಮೆಟ್ ಇಲ್ಲ."

"ಸಿಕ್ದ!" ಮೇಷ್ಟ್ರು ಕೌಂಟರಿಗೆ ಬಾಗಿದರು. "ಮುಖ ಕಾಣುತ್ತಾ?"

ತನುಜ ಫೋಟೋ ದೊಡ್ಡದು ಮಾಡಿದಳು. ಫೋಟೋ ನೋಡಿದಳು, ಮೇಷ್ಟ್ರನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಆಮೇಲೆ ಮೊಬೈಲನ್ನು ಇಬ್ಬರ ಕಡೆಗೂ ತಿರುಗಿಸಿದಳು. "ಚೆನ್ನಾಗೇ ಕಾಣುತ್ತೆ ಸಾರ್. ಇಬ್ಬರದೂ."

ಸ್ಕೂಟರಿನ ಮುಂದೆ ಮೋಹನ್‌ಬಾಬು ಮೇಷ್ಟ್ರು. ಹಿಂದೆ ಕತ್ತೆತ್ತಿ, ಕ್ಯಾಮೆರಾಕ್ಕೇ ಬೆರಳು ತೋರಿಸುತ್ತ ಇಸ್ಮಾಯಿಲ್ ಸಾಬರು. ಕನ್ನಡಿಗೆ ಹೆಲ್ಮೆಟ್ಟು ಜೋತುಬಿದ್ದಿತ್ತು.

ಆರು ವರ್ಷದ ಹಿಂದೆ ಆ ಗ್ಯಾರೇಜಿನ ಮುಂದೆ ಬೈಕಿನ ಕೀ ಕೊಟ್ಟ ಕೈಯಲ್ಲೇ, ಜಾಹಿದ್ ಹೊಸ ಬಣ್ಣ ಬಳಿದಿಟ್ಟಿದ್ದ ಈ ಹಳೇ ಸ್ಕೂಟರಿನ ಕೀ ಇಸಿದುಕೊಂಡದ್ದು ಮೇಷ್ಟ್ರಿಗೆ ನೆನಪಾಯಿತು. ಇದರ ಆರ್‌ಸಿ ಡಿಕ್ಕಿಯ ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಬಿದ್ದಿತ್ತು. ಯಾರ ಹೆಸರಿದೆ ಎಂದು ಅವರು ಒಂದು ದಿನವೂ ತೆಗೆದು ನೋಡಿರಲಿಲ್ಲ. ಬೇಡ ಸಾರ್, ರೆಕಾರ್ಡ್ ಕೆದಕಬೇಡಿ ಎಂದು ಜಾಹಿದ್ ಯಾಕೆ ಬೇಡಿಕೊಂಡನೆಂದು ಈಗ ಅರ್ಥವಾಯಿತು.

"ಮೇಷ್ಟ್ರೇ," ಎಂದರು ಸಾಬರು ಮೆಲ್ಲಗೆ. "ಲೇಡೀಸ್ ಕಾಲೇಜ್ ರೋಡಲ್ಲಿ ನಿಮಗೇನು ಕೆಲಸ?"

"ಅ... ಅಲ್ಲಿ ಬೋಂಡಾ ಚೆನ್ನಾಗಿರುತ್ತೆ ಸಾಬ್ರೆ."

ತನುಜ ಅರ್ಜಿಯ ಮೇಲೆ ಸೀಲು ಒತ್ತಿದಳು. "ಬೈಕಿಂದು ಏಳು, ನಿಮ್ಮ ಹೆಸರಲ್ಲಿರೋದ್ರಿಂದ ನಿಮ್ದು. ಸ್ಕೂಟರಿಂದು ಮೂವತ್ತೆರಡು, ನಿಮ್ಮ ಅರ್ಜಿ ಪ್ರಕಾರ ನಿಮ್ದೇ."

ಸಾಬರು ಕೈ ಚಾಚಿದರು. "ಕೀ ಕೊಡಿ. ಗಾಡಿ ನನ್ನ ಹೆಸರಲ್ಲೈತೆ. ನಡೀರಿ, ನಮ್ಮ ಮನೆಗೆ ಬಂದು ವಜೀರುನ್ನೀಸಾ ಮುಂದೆ ಈ ಬೋಂಡಾ ವಿಷಯ ಹೇಳಿ. ಆಮೇಲೆ ಹೆಸರು ಬದಲಾವಣೆ ಮಾಡ್ಸಣ, ಮುಂದಿನ ವಾರ."

ಅಷ್ಟರಲ್ಲಿ ಶೋಭಾರಾಣಿಯ ಫೋನು. ಹಿಂದಿನಿಂದ ಅಮ್ಮಾಜಮ್ಮನ ಉಸಿರು ಸಹ ಕೇಳಿಸುತ್ತಿತ್ತು. "ಫೋಟೋ ಸಿಕ್ತಾ ರೀ? ನಿಜ ಹೇಳಿ, ಓಡಿಸ್ತಿದ್ದಿದ್ದು ನೀವೇನಾ? ಹಿಂದೆ ಯಾರು ಕೂತಿದ್ರು?"

ಮೇಷ್ಟ್ರು ಫೋನನ್ನು ಕಿವಿಯಿಂದ ದೂರ ಹಿಡಿದರು. ಸಾಬರೇ ಫೋನು ಇಸಿದುಕೊಂಡರು.

"ಓಡಿಸ್ತಿದ್ದಿದ್ದು ನಿಮ್ಮ ಯಜಮಾನ್ರೇ ಕಣಮ್ಮ," ಎಂದರು. "ಹಿಂದೆ ಕೂತಿದ್ದೋನು ನಾನು."